ಹದಿಹರೆಯದ ಅಳಲಿಗೆ ಕಿವಿಗೊಟ್ಟ ನಿರ್ದೇಶಕ: ದಿವಂಗತ ಪುಟ್ಟಣ್ಣ ಕಣಗಾಲ್

ಮಗನಿಗೆ ಹದಿನಾರು ತುಂಬಿದ ಮೇಲೆ ತಂದೆಯಾದವನು ಅವನನ್ನು ಗೆಳೆಯನಂತೆ ಕಾಣಬೇಕೆಂದು ನಮ್ಮ ಹಿರಿಯರು ನೀತಿ ಹೇಳಿದ್ದಾರೆ. ಈ ಮಾತನ್ನು ಬಲ್ಲವರು ಬಹಳ, ನಡೆಸಿದವರು ವಿರಳ. ಮೀಸೆ ಮೂಡುವ ವಯಸ್ಸಿನ ಹುಡುಗನ ಸ್ನೇಹವನ್ನು ಪೋಲಿತನವೆಂದೂ ಅವನ ಒಲವನ್ನು ಹುಚ್ಚೆಂದೂ ತಳ್ಳಿಹಾಕುವುದು ನಮ್ಮ ಮನೆಗಳ ವಾಡಿಕೆ. ಆ ವಯಸ್ಸಿನ ಸಂಕಟವನ್ನು ಗಂಭೀರವಾಗಿ ಪರಿಗಣಿಸಿ, ಅದನ್ನು ಕನ್ನಡದ ಬೆಳ್ಳಿತೆರೆಯ ಮೇಲೆ ನಿಲ್ಲಿಸಿದ ಮಹನೀಯರಲ್ಲಿ ದಿವಂಗತ ಪುಟ್ಟಣ್ಣ ಕಣಗಾಲರ ಹೆಸರು ಮೊದಲಿಗೆ ನೆನಪಾಗುತ್ತದೆ. ಅವರು ತೀರಿಕೊಂಡು ನಾಲ್ಕು ದಶಕಗಳು ಕಳೆದವು. ಆದರೂ ಅವರ ‘ನಾಗರಹಾವು’ ಚಿತ್ರದ ರಾಮಾಚಾರಿಯನ್ನು ಮರೆತ ಕನ್ನಡಿಗರನ್ನು ಮುಂಬಯಿಯಲ್ಲಾಗಲಿ ಮದರಾಸಿನಲ್ಲಾಗಲಿ ನಾವು ಇನ್ನೂ ಕಂಡಿಲ್ಲ.

ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲು ಎಂಬ ಹಳ್ಳಿಯಲ್ಲಿ 1933ರ ಡಿಸೆಂಬರ್ 1ರಂದು ಪುಟ್ಟಣ್ಣನವರ ಜನನವಾಯಿತು. ಮನೆಯಲ್ಲಿ ವಿದ್ಯೆಯ ಸಂಸ್ಕಾರವಿತ್ತು, ಸಿರಿವಂತಿಕೆ ಇರಲಿಲ್ಲ. ಚಿತ್ರಗೀತೆಗಳನ್ನು ಬರೆದು ಹೆಸರಾದ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಇವರ ಅಣ್ಣಂದಿರು. ಬಡತನದ ಕಾರಣ ಪುಟ್ಟಣ್ಣನವರು ಚಿಕ್ಕ ವಯಸ್ಸಿನಲ್ಲಿಯೇ ಊರು ಬಿಟ್ಟು, ಬಗೆಬಗೆಯ ಸಣ್ಣ ನೌಕರಿಗಳನ್ನು ಮಾಡಿ ಹೊಟ್ಟೆ ಹೊರೆಯಬೇಕಾಯಿತು. ಹರೆಯವನ್ನು ಹರೆಯವಾಗಿ ಅನುಭವಿಸುವ ಮುನ್ನವೇ ಜೀವನದ ನೊಗಕ್ಕೆ ಹೆಗಲು ಕೊಟ್ಟವರ ಪಾಡು ಎಂಥದೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ನಾವು ವಿವರಿಸಬೇಕಾಗಿಲ್ಲ. ಹೋಟೆಲಿನ ಮೇಜು ಒರೆಸುತ್ತ, ಕಚೇರಿಯ ಕಡತ ಹೊರುತ್ತ ಹದಿನೈದು ಹದಿನಾರನ್ನು ಕಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಊರಿನ ಕೆರೆ, ಶಾಲೆಯ ಜಗಲಿ, ಜೊತೆಗಾರರ ಕೂಗು ಇವೆಲ್ಲ ಅಂಥವರ ನೆನಪಿನಲ್ಲಿ ಅರ್ಧಕ್ಕೆ ನಿಂತ ಕಥೆಯಂತೆ ಉಳಿದಿರುತ್ತವೆ.

ಆ ಕಾಲದಲ್ಲಿ ಕನ್ನಡ ಚಿತ್ರಗಳು ಬಹುಮಟ್ಟಿಗೆ ಮದರಾಸಿನ ಸ್ಟುಡಿಯೋಗಳಲ್ಲಿ ತಯಾರಾಗುತ್ತಿದ್ದವು. ಬಣ್ಣ ಹಚ್ಚುವವರಿಂದ ಹಿಡಿದು ಹಾಡು ಬರೆಯುವವರವರೆಗೆ ಎಲ್ಲರೂ ಪರಸ್ಥಳದಲ್ಲಿ ಬಿಡಾರ ಹೂಡಿ ಬದುಕಬೇಕಿತ್ತು. ಪುಟ್ಟಣ್ಣನವರೂ ಹೀಗೆಯೇ ಮದರಾಸು ಸೇರಿ, ಪ್ರಸಿದ್ಧ ನಿರ್ಮಾಪಕ ನಿರ್ದೇಶಕರಾದ ಬಿ. ಆರ್. ಪಂತುಲು ಅವರ ಆಶ್ರಯ ಪಡೆದರು. ಮೊದಮೊದಲು ಪಂತುಲು ಅವರ ಕಾರು ನಡೆಸುವ ಕೆಲಸವೂ ಇವರ ಪಾಲಿಗೆ ಬಂದಿತ್ತು. ಅಲ್ಲಿಂದ ಸಹಾಯಕ ನಿರ್ದೇಶಕರಾಗಿ ಮೇಲೇರಿ, ಕ್ಯಾಮೆರಾ ಹಿಂದಿನ ವಿದ್ಯೆಯನ್ನು ಗುರುವಿನ ನೆರಳಿನಲ್ಲಿ ಕಲಿತರು.

1958ರಲ್ಲಿ ಪಂತುಲು ಅವರು ‘ಸ್ಕೂಲ್ ಮಾಸ್ಟರ್’ ಎಂಬ ಕನ್ನಡ ಚಿತ್ರವನ್ನು ತೆಗೆದಿದ್ದರು. ಮಕ್ಕಳಿಂದ ಕಡೆಗಣಿತನಾದ ಮುದಿ ಉಪಾಧ್ಯಾಯನೊಬ್ಬನಿಗೆ ಹಳೆಯ ಶಿಷ್ಯನೊಬ್ಬ ಆಸರೆಯಾಗುವ ಕಥೆ ಅದು. ಅದರ ಮಲಯಾಳ ರೂಪವನ್ನು 1964ರಲ್ಲಿ ನಿರ್ದೇಶಿಸುವ ಮೂಲಕ ಪುಟ್ಟಣ್ಣನವರು ಸ್ವತಂತ್ರ ನಿರ್ದೇಶಕರಾದರು. ಗುರು ಶಿಷ್ಯರ ನಂಟು ಇವರ ಮೊದಲ ಕೃತಿಯಲ್ಲಿಯೇ ಕಾಣಿಸಿಕೊಂಡಿತೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದೇ ನಂಟು ಬೇರೊಂದು ಭಯಾನಕ ಮುಖದಿಂದ ಇವರಿಗೆ ಎದುರಾಯಿತು.

1967ರಲ್ಲಿ ‘ಬೆಳ್ಳಿಮೋಡ’ದೊಂದಿಗೆ ಪುಟ್ಟಣ್ಣನವರು ಕನ್ನಡಕ್ಕೆ ಬಂದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಆ ಚಿತ್ರ, ಸ್ತ್ರೀಯ ಆತ್ಮಗೌರವವನ್ನು ಬಿಂಬಿಸಿದ ರೀತಿಯಿಂದ ಜನರ ಮನಸ್ಸನ್ನು ಸೆಳೆಯಿತು. ಎಂ. ಕೆ. ಇಂದಿರಾ ಅವರ ಕಾದಂಬರಿಯಿಂದ ರೂಪುಗೊಂಡ ‘ಗೆಜ್ಜೆ ಪೂಜೆ’ಯ ಚಿತ್ರಕಥೆಗಾಗಿ ರಾಷ್ಟ್ರಪ್ರಶಸ್ತಿ ದೊರೆಯಿತು. ಮತ್ತೆ ತ್ರಿವೇಣಿಯವರದೇ ಆದ ‘ಶರಪಂಜರ’ 1971ರಲ್ಲಿ ಬಂದಿತು. ಸಾಹಿತ್ಯವನ್ನು ಓದಿ, ಮೆಚ್ಚಿ, ಅದನ್ನು ಸಾಮಾನ್ಯ ಪ್ರೇಕ್ಷಕನ ಕಣ್ಣಿಗೂ ಹೃದಯಕ್ಕೂ ತಲುಪಿಸುವ ಕಲೆ ಇವರಿಗೆ ಕರಗತವಾಗಿತ್ತು. ಅಕ್ಷರ ಬಾರದ ತಾಯಂದಿರು ಕೂಡ ತ್ರಿವೇಣಿಯವರ ಕಥೆಯನ್ನು ಬಲ್ಲವರಾದುದು ಈ ಚಿತ್ರಗಳಿಂದ ಎಂದರೆ ತಪ್ಪಾಗಲಾರದು.

1972ರ ಡಿಸೆಂಬರಿನಲ್ಲಿ ‘ನಾಗರಹಾವು’ ಬಿಡುಗಡೆಯಾಯಿತು. ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದ ಈ ಚಿತ್ರದ ನಿರ್ಮಾಪಕರು ಎನ್. ವೀರಾಸ್ವಾಮಿಯವರು. ಇಷ್ಟು ದೊಡ್ಡ ಹೊರೆಯನ್ನು ಪುಟ್ಟಣ್ಣನವರು ಹೊಸಬರ ಹೆಗಲಿಗೇರಿಸಿದುದು ಆಶ್ಚರ್ಯದ ಸಂಗತಿ. ಸಂಪತ್ ಕುಮಾರ್ ಎಂಬ ತರುಣನಿಗೆ ವಿಷ್ಣುವರ್ಧನ್ ಎಂಬ ಹೆಸರಿಟ್ಟು ನಾಯಕನನ್ನಾಗಿ ಮಾಡಿದರು. ಮಂಡ್ಯ ಸೀಮೆಯ ಅಮರನಾಥನೆಂಬ ಯುವಕ ಅಂಬರೀಶನಾಗಿ, ಜಲೀಲನೆಂಬ ಪುಂಡನ ಪಾತ್ರದಲ್ಲಿ ಕಾಣಿಸಿಕೊಂಡನು. ಮುಂದೆ ಈ ಇಬ್ಬರೂ ಕನ್ನಡ ಚಿತ್ರರಂಗದ ಮೇರುನಟರಾದರು. ಹೊರಗೂ ಜೀವದ ಗೆಳೆಯರಾಗಿ ಬಾಳಿದರು.

ಕಥೆ ನಡೆಯುವುದು ಚಿತ್ರದುರ್ಗದಲ್ಲಿ. ಕೋಟೆ, ಬಂಡೆ, ಬಿಸಿಲು ಇವು ಕೂಡ ಆ ಚಿತ್ರದಲ್ಲಿ ಪಾತ್ರಗಳಂತೆ ನಿಲ್ಲುತ್ತವೆ. ರಾಮಾಚಾರಿ ಮುಂಗೋಪಿ, ಕಾಲೇಜಿನ ಪ್ರಿನ್ಸಿಪಾಲರನ್ನೇ ರಾತ್ರಿಯಲ್ಲಿ ಕಂಬಕ್ಕೆ ಕಟ್ಟಿಹಾಕುವಷ್ಟು ದುಡುಕು. ಊರಿಗೆಲ್ಲ ಬೇಡವಾದ ಈ ಹುಡುಗನನ್ನು ಮಗನಂತೆ ಕಂಡವರು ಹಳೆಯ ಉಪಾಧ್ಯಾಯರಾದ ಚಾಮಯ್ಯ ಮೇಷ್ಟರು ಮತ್ತು ಅವರ ಪತ್ನಿ ತುಂಗಮ್ಮ. ಕೆ. ಎಸ್. ಅಶ್ವತ್ಥ್ ಹಾಗೂ ಲೀಲಾವತಿ ಈ ದಂಪತಿಗಳ ಪಾತ್ರವನ್ನು ಮನೆಯ ಹಿರಿಯರೇ ಎದುರಿಗೆ ಬಂದಂತೆ ಅಭಿನಯಿಸಿದರು.

ಈ ಹುಡುಗನಿಗೆ ಮೊದಲ ಪೆಟ್ಟು ಬಿದ್ದುದು ಸ್ನೇಹದಿಂದ. ತನ್ನ ತಂಗಿ ಅಲಮೇಲುವನ್ನು ಕಾಡುತ್ತಿದ್ದ ಜಲೀಲನನ್ನು ಅಡಗಿಸಿದರೆ ಅವಳನ್ನೇ ಕೊಟ್ಟು ಮದುವೆ ಮಾಡುವೆನೆಂದು ಗೆಳೆಯ ವರದ ಪಂಥ ಕಟ್ಟುತ್ತಾನೆ. ರಾಮಾಚಾರಿ ಜಲೀಲನನ್ನು ಹೊಡೆದು ಗೆಲ್ಲುತ್ತಾನೆ. ಈ ನಡುವೆ ಅಲಮೇಲುವಿಗೂ ಅವನಿಗೂ ಒಲವು ಬೆಳೆಯುತ್ತದೆ. ಆದರೆ ಮಾತು ಉಳಿಸಿಕೊಳ್ಳುವ ಹೊತ್ತಿಗೆ ವರದ ಹಿಂದೆಗೆಯುತ್ತಾನೆ. ಗೆಳೆಯನ ಮಾತು ಸುಳ್ಳಾಗುವುದು ಇನ್ನೊಬ್ಬರಿಗೆ ಸಣ್ಣ ಸಂಗತಿಯಾಗಿ ತೋರಬಹುದು. ಆ ವಯಸ್ಸಿನಲ್ಲಿ ಅದು ಆಕಾಶವೇ ಕಳಚಿ ಬಿದ್ದಂತೆ. ಪುಟ್ಟಣ್ಣನವರು ಅದನ್ನು ಹಾಗೆಯೇ ತೋರಿಸಿದರು. ಎಳೆಯರ ಪ್ರಣಯದ ಒಂದು ಗೀತೆಯನ್ನು ನಿಧಾನಗತಿಯಲ್ಲಿ ಚಿತ್ರಿಸಿದುದು ಆ ದಿನಗಳಲ್ಲಿ ಹೊಸತನವೆಂದು ಬಹುಚರ್ಚಿತವಾಯಿತು. ನೋಡಿದವರಿಗೆ ಅದು ಬರಿಯ ತಂತ್ರವಾಗಿ ತೋರಲಿಲ್ಲ. ಮೊದಲ ಒಲವಿನಲ್ಲಿ ಕಾಲವೇ ನಿಂತು ನಡೆಯುವಂತೆ ಭಾಸವಾಗುವುದನ್ನು ಬಲ್ಲವರು ತಲೆದೂಗಿದರು.

ಎರಡನೆಯ ಪೆಟ್ಟು ಬಿದ್ದುದು ಪ್ರೀತಿಸಿದ ಗುರುವಿನಿಂದಲೇ. ಕುಲಧರ್ಮದ ಮಾತು ಎತ್ತಿ, ಅಲಮೇಲುವನ್ನು ಮರೆಯುವಂತೆ ಚಾಮಯ್ಯ ಮೇಷ್ಟರು ಶಿಷ್ಯನನ್ನು ಒಪ್ಪಿಸುತ್ತಾರೆ. ಊರಿನಲ್ಲಿ ಯಾರಿಗೂ ಬಗ್ಗದ ಹುಡುಗ ಗುರುವಿನ ಮಾತಿಗೆ ಬಗ್ಗಿದ. ಬೇರೆಡೆ ಮದುವೆಯಾದ ಅಲಮೇಲು ಗಂಡನಿಂದಲೇ ಕೆಟ್ಟ ದಾರಿಗೆ ದೂಡಲ್ಪಟ್ಟಳು. ಆ ಸ್ಥಿತಿಯಲ್ಲಿ ಅವಳನ್ನು ಕಂಡ ರಾಮಾಚಾರಿಗೆ, ತಾನು ಮಾಡಿದ ತ್ಯಾಗ ಯಾರಿಗೂ ಒಳಿತು ಮಾಡಲಿಲ್ಲವೆಂಬುದು ಅರಿವಾಗುತ್ತದೆ. ಮುಂದೆ ಕ್ರೈಸ್ತ ಹುಡುಗಿ ಮಾರ್ಗರೆಟ್‌ಳನ್ನು ಅವನು ಒಲಿದಾಗ ಊರೇ ತಿರುಗಿ ಬೀಳುತ್ತದೆ. ಮೇಷ್ಟರು ಮತ್ತೆ ಅದೇ ಆಜ್ಞೆಯನ್ನು ಹೊತ್ತು ಬರುತ್ತಾರೆ. ಈ ಸಲ ಶಿಷ್ಯ ಮಣಿಯುವುದಿಲ್ಲ. ಬೆಟ್ಟದ ಮೇಲೆ ನಡೆದ ವಾಗ್ವಾದದಲ್ಲಿ ಗುರು ಪ್ರಪಾತಕ್ಕೆ ಬಿದ್ದು ಸಾಯುತ್ತಾನೆ. ಪ್ರೇಮಿಗಳೂ ಅದೇ ಪ್ರಪಾತದ ಪಾಲಾಗುತ್ತಾರೆ. ಪುಟ್ಟಣ್ಣನವರ ಮೊದಲ ಚಿತ್ರದಲ್ಲಿ ಶಿಷ್ಯನು ಗುರುವನ್ನು ಉಳಿಸಿದ್ದ. ಇಲ್ಲಿ ಗುರುವಿನ ವಾತ್ಸಲ್ಯ ಇಬ್ಬರನ್ನೂ ಉಳಿಸಲಾರದೆ ಹೋಯಿತು.

ಚಾಮಯ್ಯ ಮೇಷ್ಟರು ದುಷ್ಟರಲ್ಲವೆಂಬುದೇ ಈ ಕಥೆಯ ಮರ್ಮವೆಂದು ನಾವು ತಿಳಿಯುತ್ತೇವೆ. ಅವರ ಪ್ರೀತಿ ಅಪ್ಪಟವಾದುದು. ಹುಡುಗನಿಗೆ ಹೇಳುವುದನ್ನು ಅವರು ಬಲ್ಲರು, ಹುಡುಗನಿಂದ ಕೇಳುವುದನ್ನು ಅರಿಯರು. ಹದಿನಾರು ತುಂಬಿದವನನ್ನು ಗೆಳೆಯನಂತೆ ಕಾಣಬೇಕೆಂಬ ನೀತಿಯನ್ನು ಪಾಠ ಹೇಳುವ ಗುರುವೇ ಮರೆತರೆ ಏನಾಗುವುದೆಂಬುದನ್ನು ಪುಟ್ಟಣ್ಣನವರು ತೋರಿಸಿದರು. ಬೈಗುಳಕ್ಕಿಂತ ಪ್ರೀತಿಯ ಕಟ್ಟಳೆ ಹೆಚ್ಚು ಬಿಗಿಯಾದುದು. ಬೈದವನನ್ನು ಎದುರಿಸಬಹುದು, ಪ್ರೀತಿಸಿದವನಿಗೆ ಎದುರಾಡುವುದು ಹೇಗೆ?

ಚಿತ್ರ ಅಪಾರ ಜನಾದರಣೆಗೆ ಪಾತ್ರವಾಯಿತು. ಆದರೆ ಮೂಲ ಕಾದಂಬರಿಕಾರರಿಗೆ ತೃಪ್ತಿಯಾಗಲಿಲ್ಲ. ತಮ್ಮ ನಾಗರಹಾವಿನ ವಿಷವನ್ನು ನಿರ್ದೇಶಕರು ತೆಗೆದುಬಿಟ್ಟರೆಂಬುದು ತ.ರಾ.ಸು. ಅವರ ದೂರು. ಈ ವಿವಾದದಲ್ಲಿ ತೀರ್ಪು ಕೊಡಲು ನಾವು ಹೊರಡುವುದಿಲ್ಲ. ಓದುವ ರಾಮಾಚಾರಿಯೂ ನೋಡುವ ರಾಮಾಚಾರಿಯೂ ಬೇರೆ ಬೇರೆಯಾಗಿ ಬದುಕಿ, ಇಬ್ಬರೂ ಕನ್ನಡಿಗರ ಆಸ್ತಿಯಾದರೆಂದು ಸಮಾಧಾನ ಪಡುವುದು ಲೇಸು.

ಇದೇ ಕಥೆಯನ್ನು ಪುಟ್ಟಣ್ಣನವರು 1974ರಲ್ಲಿ ‘ಜಹರೀಲಾ ಇನ್ಸಾನ್’ ಎಂಬ ಹೆಸರಿನಿಂದ ಹಿಂದಿಗೆ ತಂದರು. ಹಿಂದಿನ ವರ್ಷ ‘ಬಾಬಿ’ ಚಿತ್ರದಿಂದ ದೇಶದ ತರುಣರ ಕಣ್ಮಣಿಯಾಗಿದ್ದ ಋಷಿ ಕಪೂರ್ ನಾಯಕ, ಆರ್. ಡಿ. ಬರ್ಮನ್ ಅವರ ಸಂಗೀತ. ಇಷ್ಟಿದ್ದರೂ ಚಿತ್ರ ಸೋತಿತು. ಕನ್ನಡದಲ್ಲಿ ಮೇಷ್ಟರೆಂಬ ಒಂದು ಪದಕ್ಕಿರುವ ಸಲಿಗೆಯೂ ಭಯವೂ ಇನ್ನೊಂದು ಭಾಷೆಗೆ ಸುಲಭವಾಗಿ ಇಳಿಯಲಾರವೇನೋ. ಪರನಾಡಿನಲ್ಲಿ ಬೇರೂರಲು ಹೆಣಗಿದ ನಮಗೆ ಈ ಸೋಲಿನ ಅರ್ಥ ಬೇಗ ತಿಳಿಯುತ್ತದೆ.

ಪುಟ್ಟಣ್ಣನವರು ಮತ್ತೆ ಕನ್ನಡದ ಕಥೆಗಳಲ್ಲಿ ತೊಡಗಿದರು. 1978ರ ‘ಪಡುವಾರಹಳ್ಳಿ ಪಾಂಡವರು’ ಚಿತ್ರದಲ್ಲಿ ಹಳ್ಳಿಯ ಧಣಿಯ ದಬ್ಬಾಳಿಕೆಯನ್ನು ಎದುರಿಸುವ ಐವರು ತರುಣರ ಸ್ನೇಹವನ್ನು ಚಿತ್ರಿಸಿದರು. ವರದನಲ್ಲಿ ಸೋತ ಗೆಳೆತನ ಇಲ್ಲಿ ಗೆದ್ದಿತೆನ್ನಬಹುದು. ‘ರಂಗನಾಯಕಿ’ 1981ರಲ್ಲಿಯೂ ‘ಮಾನಸ ಸರೋವರ’ 1982ರಲ್ಲಿಯೂ ಬಂದವು. ಇವರ ಬಳಿ ಸಹಾಯಕರಾಗಿ ದುಡಿದ ಭಾರತಿರಾಜ ಅವರು 1977ರಲ್ಲಿ ತಮಿಳಿನಲ್ಲಿ ಹದಿನಾರರ ಹಳ್ಳಿ ಹುಡುಗಿಯೊಬ್ಬಳ ಕಥೆಯನ್ನು ತೆರೆಗೆ ತಂದು ಕೀರ್ತಿ ಪಡೆದರು. ಗುರುವಿನ ವಿದ್ಯೆ ಹೀಗೆ ಗಡಿ ದಾಟಿತು.

‘ಮಸಣದ ಹೂವು’ ಚಿತ್ರ ಮುಗಿಯುವ ಮುನ್ನವೇ, 1985ರ ಜೂನ್ 5ರಂದು, ತಮ್ಮ 51ನೆಯ ವಯಸ್ಸಿನಲ್ಲಿ ಪುಟ್ಟಣ್ಣನವರು ಬೆಂಗಳೂರಿನಲ್ಲಿ ಕಣ್ಣು ಮುಚ್ಚಿದರು. ಕೆ. ಎಸ್. ಎಲ್. ಸ್ವಾಮಿಯವರು ಉಳಿದ ಭಾಗವನ್ನು ಪೂರೈಸಿ ಮಿತ್ರಧರ್ಮವನ್ನು ಮೆರೆದರು. ಶ್ರೇಷ್ಠ ನಿರ್ದೇಶಕರಿಗೆ ಪುಟ್ಟಣ್ಣನವರ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿ ಕರ್ನಾಟಕ ಸರಕಾರ ಗೌರವ ಸಲ್ಲಿಸಿತು. 2018ರಲ್ಲಿ ‘ನಾಗರಹಾವು’ ಹೊಸ ತಂತ್ರಜ್ಞಾನದಿಂದ ಸಿಂಗಾರಗೊಂಡು ಮರಳಿ ತೆರೆಗೆ ಬಂದಾಗ, ಅದನ್ನು ಮೊದಲು ನೋಡಿದ್ದವರು ಮೊಮ್ಮಕ್ಕಳ ಕೈ ಹಿಡಿದು ಚಿತ್ರಮಂದಿರಕ್ಕೆ ಹೋಗುವ ವಯಸ್ಸಿನವರಾಗಿದ್ದರು.

ನಮ್ಮ ವಾಚಕ ಬಾಂಧವರಲ್ಲಿ ಅನೇಕರು ಹೆಂಡತಿ ಮಕ್ಕಳನ್ನು ಊರಿನಲ್ಲಿಟ್ಟು ಇಲ್ಲಿ ದುಡಿಯುತ್ತಿದ್ದಾರೆ. ತಿಂಗಳಿಗೊಮ್ಮೆ ಹಣ ಕಳಿಸುವುದು, ವಾರಕ್ಕೊಮ್ಮೆ ಫೋನಿನಲ್ಲಿ ಪರೀಕ್ಷೆಯ ಅಂಕ ಕೇಳುವುದು, ತಪ್ಪಿದರೆ ಗದರುವುದು. ದೂರದ ತಂದೆಯ ಪ್ರೀತಿ ಬಹುತೇಕ ಇಷ್ಟರಲ್ಲಿಯೇ ಮುಗಿಯುತ್ತದೆ. ಮಗನ ಗೆಳೆಯರ ಹೆಸರುಗಳನ್ನು ನಮ್ಮಲ್ಲಿ ಎಷ್ಟು ಜನ ಬಲ್ಲೆವು? ಅವನು ಯಾರ ಮಾತಿನಿಂದ ನೊಂದಿದ್ದಾನೆ, ಮಗಳು ಯಾತಕ್ಕಾಗಿ ಮೌನವಾಗಿದ್ದಾಳೆ ಎಂದು ಎಂದಾದರೂ ವಿಚಾರಿಸಿದ್ದೇವೆಯೇ? ಹಣ ಕಳಿಸಿ ಆಜ್ಞೆ ಮಾಡುವ ತಂದೆಯೂ ಒಂದು ಬಗೆಯ ಚಾಮಯ್ಯ ಮೇಷ್ಟರೇ ಸರಿ. ಮುಂದಿನ ಸಲ ಊರಿಗೆ ಫೋನು ಮಾಡುವಾಗ ಅಂಕಗಳ ಮಾತನ್ನು ಕೊಂಚ ತಡೆದು, ಮಗ ಹೇಳುವುದನ್ನು ಪೂರ್ತಿಯಾಗಿ ಕೇಳಿಸಿಕೊಂಡರೆ, ಪುಟ್ಟಣ್ಣನವರಿಗೆ ನಾವು ಸಲ್ಲಿಸುವ ಸ್ಮರಣೆ ಸಾರ್ಥಕವಾದೀತು.