ದೇವರಿಗೆ ಮುಖ ಹುಡುಕಿದ ರವಿವರ್ಮ

ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದಿನ ಗೋಡೆಯಲ್ಲಿ, ಮನೆಯ ದೇವರ ಕೋಣೆಯಲ್ಲಿ, ಹೊಸ ವರ್ಷದ ಕ್ಯಾಲೆಂಡರಿನಲ್ಲಿ ಕಾಣುವ ಲಕ್ಷ್ಮಿ ನಮಗೆ ಎಷ್ಟು ಪರಿಚಿತಳೆಂದರೆ, ಆಕೆ ಬೇರೆ ರೀತಿ ಇರಲು ಸಾಧ್ಯವೇ ಇಲ್ಲವೆಂದು ನಾವು ನಂಬಿಬಿಟ್ಟಿದ್ದೇವೆ. ತಾವರೆಯ ಮೇಲೆ ನಿಂತ ನಿಲುವು, ಜರಿಯಂಚಿನ ಸೀರೆ, ಕೈಯಲ್ಲಿ ಕಮಲ, ಶಾಂತವಾದ ದುಂಡು ಮುಖ, ಪಕ್ಕದಲ್ಲಿ ಮಾಲೆ ಹಿಡಿದ ಆನೆ. ನೂರೈವತ್ತು ವರ್ಷಗಳ ಹಿಂದೆ ಈ ಲಕ್ಷ್ಮಿಯನ್ನು ಯಾರೂ ಕಂಡಿರಲಿಲ್ಲ. ಗುಡಿಯ ಶಿಲೆಯಲ್ಲಿ, ತಂಜಾವೂರು ಮತ್ತು ಮೈಸೂರಿನ ಚಿನ್ನದ ರೇಕಿನ ಪಟಗಳಲ್ಲಿ ದೇವಿ ಇದ್ದಳು. ಆದರೆ ಪಕ್ಕದ ಮನೆಯ ಹೆಣ್ಣುಮಗಳಂತೆ ಮೈಮೇಲೆ ಬೆಳಕು ಬಿದ್ದು, ಸೀರೆಯ ನೆರಿಗೆ ನಿಜವಾಗಿ ಇಳಿಬಿದ್ದು ನಿಂತವಳಾಗಿರಲಿಲ್ಲ. ಹಾಗೆ ನಿಲ್ಲಿಸಿದವರು ರಾಜಾ ರವಿವರ್ಮ. ಆ ಮುಖ, ಆ ಉಡುಗೆ, ಆ ನಿಲುವುಗಳನ್ನು ಅವರು ಎಲ್ಲಿಂದ ತಂದರೆಂಬುದೇ ಅವರ ಬದುಕಿನ ಕಥೆ.

ರವಿವರ್ಮ ಹುಟ್ಟಿದ್ದು 1848ರ ಏಪ್ರಿಲ್ 29ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರು ಅರಮನೆಯಲ್ಲಿ. ತಂದೆ ಏಳುಮಾವಿಲ್ ನೀಲಕಂಠನ್ ಭಟ್ಟತಿರಿಪ್ಪಾಡ್ ಸಂಸ್ಕೃತ ವಿದ್ವಾಂಸರು. ತಾಯಿ ಉಮಾಂಬಾ ಬಾಯಿ ಸ್ವತಃ ಕವಯಿತ್ರಿ. ಮನೆಯಲ್ಲಿ ಪುರಾಣ ಪಾರಾಯಣ, ಅಂಗಳದಲ್ಲಿ ಕಥಕಳಿ. ನಳ, ದಮಯಂತಿ, ರಾವಣ, ಜಟಾಯು ಇವರೆಲ್ಲ ಹುಡುಗನಿಗೆ ಓದಿನಿಂದ ಬಂದವರಲ್ಲ, ದೀಪದ ಬೆಳಕಿನಲ್ಲಿ ಕಣ್ಣೆದುರೇ ಕುಣಿದವರು. ಹುಡುಗ ಇದ್ದಿಲು ಹಿಡಿದು ಅರಮನೆಯ ಗೋಡೆಗಳ ಮೇಲೆ ಪ್ರಾಣಿಗಳನ್ನೂ ಮನುಷ್ಯರನ್ನೂ ಬರೆಯತೊಡಗಿದಾಗ ಮನೆಯವರು ಗದರಿದರು. ಸೋದರಮಾವ ರಾಜರಾಜವರ್ಮ ಮಾತ್ರ ಆ ಗೆರೆಗಳಲ್ಲಿ ಏನನ್ನೋ ಕಂಡರು. ತಂಜಾವೂರು ಶೈಲಿಯಲ್ಲಿ ಪಳಗಿದ್ದ ಅವರೇ ಅಳಿಯನಿಗೆ ಮೊದಲ ಗುರುವಾದರು.

1862ರಲ್ಲಿ, ಹದಿನಾಲ್ಕರ ಹರೆಯದ ಹುಡುಗನನ್ನು ಮಾವ ತಿರುವನಂತಪುರಕ್ಕೆ ಕರೆದೊಯ್ದು ಮಹಾರಾಜ ಆಯಿಲ್ಯಂ ತಿರುನಾಳ್ ಅವರ ಮುಂದೆ ನಿಲ್ಲಿಸಿದರು. ಮಹಾರಾಜರು ಹುಡುಗನನ್ನು ಅಲ್ಲೇ ಉಳಿಸಿಕೊಂಡರು. ಅರಮನೆಯ ಸಂಗ್ರಹದಲ್ಲಿದ್ದ ಪಾಶ್ಚಾತ್ಯ ಚಿತ್ರಗಳನ್ನು ನೋಡುವ ಅವಕಾಶ ಸಿಕ್ಕಿತು. ಕಷ್ಟ ಆರಂಭವಾದದ್ದು ಇಲ್ಲಿಂದಲೇ.

ಮಾವ ಕಲಿಸಿದ ಪದ್ಧತಿಯಲ್ಲಿ ಗೆರೆಯೇ ಸರ್ವಸ್ವ. ಮುಖದ ಅಂಚಿಗೆ ಗೆರೆ, ಒಳಗೆ ಸಮನಾದ ಬಣ್ಣ, ಮೇಲೆ ಒಡವೆಯ ಅಲಂಕಾರ. ಬಣ್ಣವೂ ಮಣ್ಣು, ಎಲೆ, ಹೂಗಳಿಂದ ಮನೆಯಲ್ಲೇ ತಯಾರಾಗುತ್ತಿದ್ದದ್ದು. ಪಾಶ್ಚಾತ್ಯ ತೈಲಚಿತ್ರದಲ್ಲಿ ಅಂಚಿನ ಗೆರೆಯೇ ಇಲ್ಲ. ಒಂದು ಕಡೆಯಿಂದ ಬೆಳಕು ಬೀಳುತ್ತದೆ, ಇನ್ನೊಂದು ಕಡೆ ನೆರಳು ಕವಿಯುತ್ತದೆ, ಇವೆರಡರ ನಡುವೆ ಕೆನ್ನೆ ತಾನಾಗಿ ಉಬ್ಬುತ್ತದೆ. ಎಣ್ಣೆ ಬೆರೆಸಿದ ಬಣ್ಣ ನಿಧಾನವಾಗಿ ಒಣಗುವುದರಿಂದ ಒಂದು ಛಾಯೆಯನ್ನು ಇನ್ನೊಂದರೊಳಗೆ ಕರಗಿಸಲು ಸಾಧ್ಯವಾಗುತ್ತದೆ. ನೋಡಿದರೆ ತಿಳಿಯುವ ವಿದ್ಯೆಯಲ್ಲ ಅದು. ಯಾವ ಬಣ್ಣಕ್ಕೆ ಎಷ್ಟು ಎಣ್ಣೆ, ಯಾವ ಪದರದ ಮೇಲೆ ಯಾವ ಪದರ ಎಂಬುದನ್ನು ಬಲ್ಲವರೊಬ್ಬರು ತೋರಿಸಿಕೊಡಬೇಕು.

ತಿರುವಾಂಕೂರಿನಲ್ಲಿ ಅದನ್ನು ಬಲ್ಲವರು ಆಸ್ಥಾನದ ಚಿತ್ರಕಾರ, ಮಧುರೆಯಿಂದ ಬಂದಿದ್ದ ರಾಮಸ್ವಾಮಿ ನಾಯ್ಡು. ರಾಜಮನೆತನದ ಬಂಧುವರ್ಗದ ಈ ಹುಡುಗನಿಗೆ ವಿದ್ಯೆಯ ಗುಟ್ಟು ಬಿಟ್ಟುಕೊಡಲು ಅವರು ಒಪ್ಪಲಿಲ್ಲ. ಕಸುಬನ್ನೇ ನಂಬಿ ಬದುಕುವ ಕಲಾವಿದನ ಆತಂಕ ನಮಗೆ ಅರ್ಥವಾಗದ ಸಂಗತಿಯೇನಲ್ಲ. ಆದರೆ ಅವರ ಸಹಾಯಕ ಆರುಮುಗಂ ಪಿಳ್ಳೆ, ಯಜಮಾನರ ಕಣ್ಣುತಪ್ಪಿಸಿ, ಹುಡುಗನಿಗೆ ಅಷ್ಟಿಷ್ಟು ಹೇಳಿಕೊಟ್ಟರಂತೆ. 1868ರಲ್ಲಿ ಡೆನ್ಮಾರ್ಕ್ ಮೂಲದ ಚಿತ್ರಕಾರ ಥಿಯೋಡರ್ ಜೆನ್ಸನ್ ಮಹಾರಾಜರ ಭಾವಚಿತ್ರ ಬರೆಯಲು ಬಂದರು. ಅವರೂ ಕಲಿಸಲು ಒಪ್ಪಲಿಲ್ಲ. ಮಹಾರಾಜರ ಮಾತಿಗೆ ಕಟ್ಟುಬಿದ್ದು, ತಾವು ಕೆಲಸ ಮಾಡುವಾಗ ಹತ್ತಿರ ನಿಂತು ನೋಡಲು ಮಾತ್ರ ಅನುಮತಿ ಕೊಟ್ಟರು. ಇಪ್ಪತ್ತರ ಯುವಕ ನಿಂತು ನೋಡಿದ. ಕೋಣೆಗೆ ಹಿಂತಿರುಗಿ ಬರೆದ, ಅಳಿಸಿದ, ಮತ್ತೆ ಬರೆದ. ಶಾಲೆಯ ಮೆಟ್ಟಿಲು ಹತ್ತದ ರವಿವರ್ಮರ ಕಲಾಶಿಕ್ಷಣವೆಂದರೆ ಹೆಚ್ಚೂಕಡಿಮೆ ಇಷ್ಟೇ.

1870ರಲ್ಲಿ ಅವರು ನಮ್ಮ ಕೊಲ್ಲೂರಿಗೆ ಬಂದರು. ಚಿತ್ರಕಲೆಯನ್ನೇ ವೃತ್ತಿಯಾಗಿ ಹಿಡಿಯುವ ಮುನ್ನ ಮೂಕಾಂಬಿಕೆಯ ಸನ್ನಿಧಿಯಲ್ಲಿ ನಲವತ್ತೊಂದು ದಿನ ವ್ರತ ಹಿಡಿದರೆಂದು ಜೀವನಚರಿತ್ರೆಗಳು ದಾಖಲಿಸಿವೆ. ಅರಸು ಮನೆತನದವನೊಬ್ಬ ದುಡ್ಡು ಪಡೆದು ಚಿತ್ರ ಬರೆಯುವುದು ಆ ಕಾಲಕ್ಕೆ ಸಣ್ಣ ತೀರ್ಮಾನವಾಗಿರಲಿಲ್ಲ. ಹಿಂದಿರುಗುವ ದಾರಿಯಲ್ಲಿ ಕಲ್ಲಿಕೋಟೆಯ ಸಬ್ ಜಡ್ಜ್ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ ಅವರ ಕುಟುಂಬದ ಚಿತ್ರ ಬರೆದರು. ಸಂಭಾವನೆ ಪಡೆದು ಬರೆದ ಮೊದಲ ಚಿತ್ರ ಅದೆನ್ನುತ್ತಾರೆ.

ಮುಂದಿನ ಏಳಿಗೆ ಬೇಗನೆ ಆಯಿತು. 1873ರಲ್ಲಿ ಮುಡಿಗೆ ಮಲ್ಲಿಗೆ ಮುಡಿಯುತ್ತಿರುವ ನಾಯರ್ ಹೆಣ್ಣಿನ ಚಿತ್ರಕ್ಕೆ ಮದರಾಸಿನ ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕ, ಅದೇ ವರ್ಷ ವಿಯೆನ್ನಾದಲ್ಲಿ ಮನ್ನಣೆ. 1876ರ ‘ಶಕುಂತಲಾ ಪತ್ರಲೇಖನ’ವನ್ನು ಮದರಾಸಿನ ಗವರ್ನರ್, ಬಕಿಂಗ್‌ಹ್ಯಾಂ ಡ್ಯೂಕ್ ಕೊಂಡರು. ಸಂಸ್ಕೃತ ಪಂಡಿತ ಮೊನಿಯರ್ ವಿಲಿಯಮ್ಸ್ ಅದನ್ನು ತಮ್ಮ ಶಾಕುಂತಲ ಅನುವಾದದ ಮುಖಚಿತ್ರವಾಗಿಸಿಕೊಂಡರು.

ಮೈಸೂರಿನ ನಂಟು 1885ರದು. ಚಾಮರಾಜೇಂದ್ರ ಒಡೆಯರ್ ಅವರ ಆಹ್ವಾನದ ಮೇರೆಗೆ ಬಂದು ರಾಜಮನೆತನದ ಭಾವಚಿತ್ರಗಳನ್ನು ಬರೆದರು. ಸಂಭಾವನೆಯ ಜೊತೆಗೆ ಎರಡು ಆನೆಗಳೂ ಉಡುಗೊರೆಯಾಗಿ ಸಿಕ್ಕವು.

ಭಾವಚಿತ್ರ ಬರೆಯುವವನಿಗೆ ಒಂದು ಅನುಕೂಲವುಂಟು: ಮಾದರಿ ಎದುರಿಗೇ ಕುಳಿತಿರುತ್ತದೆ. ತಪ್ಪಿದ್ದರೆ ತಿದ್ದಿಕೊಳ್ಳಬಹುದು. ಎದುರಿಗಿಲ್ಲದವರನ್ನು, ಯಾರೂ ಕಾಣದವರನ್ನು ಬರೆಯುವುದು ಹೇಗೆ? ಈ ಪ್ರಶ್ನೆ ರವಿವರ್ಮರನ್ನು ನಿಜವಾಗಿ ಕಾಡಿದ್ದು 1888ರಲ್ಲಿ. ಬಡೋದೆಯ ಸಯಾಜಿರಾವ್ ಗಾಯಕವಾಡರು ತಮ್ಮ ಹೊಸ ಅರಮನೆಗಾಗಿ ರಾಮಾಯಣ, ಮಹಾಭಾರತಗಳ ಹದಿನಾಲ್ಕು ಚಿತ್ರಗಳನ್ನು ಕೇಳಿದರು. ಸಂಭಾವನೆ ಐವತ್ತು ಸಾವಿರ ರೂಪಾಯಿ, ಆ ಕಾಲಕ್ಕೆ ಊಹಿಸಲೂ ಕಷ್ಟವಾದ ಮೊತ್ತ. ದಮಯಂತಿ ಏನನ್ನು ಉಟ್ಟಿದ್ದಳು? ಶಂತನುವಿನ ಅರಮನೆಯ ಕಂಬ ಹೇಗಿತ್ತು? ಸುಭದ್ರೆ ತಲೆಯ ಮೇಲೆ ಸೆರಗು ಹೊದೆಯುತ್ತಿದ್ದಳೇ? ಕಾವ್ಯದಲ್ಲಿ ವರ್ಣನೆಯುಂಟು, ಆದರೆ ವರ್ಣನೆಯಿಂದ ನೆರಿಗೆಯ ಮಡಿಕೆ ತಿಳಿಯುವುದಿಲ್ಲ.

ರವಿವರ್ಮ ತಮ್ಮನನ್ನು ಕರೆದುಕೊಂಡು ಉತ್ತರ ಭಾರತದ ಪ್ರವಾಸಕ್ಕೆ ಹೊರಟರು. ತಮ್ಮನ ಹೆಸರೂ ರಾಜರಾಜವರ್ಮ, ಸಿ. ರಾಜರಾಜವರ್ಮ. ಅಣ್ಣನ ಚಿತ್ರಗಳ ಹಿನ್ನೆಲೆಯ ಬೆಟ್ಟ, ನೀರು, ಗಿಡಮರಗಳಲ್ಲಿ ಈತನ ಕೈವಾಡ ಬಹಳ. ಸಹೋದರರು ಊರಿಂದೂರಿಗೆ ಅಲೆದು ಜನರ ಉಡುಗೆ, ಒಡವೆ, ಕಟ್ಟಡಗಳನ್ನು ನೋಡಿದರು. ಕಂಡದ್ದು ವೈವಿಧ್ಯ. ಪ್ರಾಂತಕ್ಕೊಂದು ಉಡುಗೆ, ಜಾತಿಗೊಂದು ಕಟ್ಟು. ಪುರಾಣ ಕಾಲದ ಉಡುಪು ಇದೇ ಎಂದು ಬೆರಳಿಟ್ಟು ತೋರಿಸಬಲ್ಲಂಥದ್ದು ಎಲ್ಲಿಯೂ ಇರಲಿಲ್ಲ.

ಆಗ ಅವರು ಮಾಡಿದ ಆಯ್ಕೆ ಕುತೂಹಲಕರ. ತಮ್ಮ ಮನೆಯ ಹೆಂಗಸರು ಉಡುತ್ತಿದ್ದ ಕೇರಳದ ಬಿಳಿಯ ಮುಂಡನ್ನು ಅವರು ಪುರಾಣದ ನಾಯಕಿಯರಿಗೆ ಉಡಿಸಲಿಲ್ಲ. ಉದ್ದನೆಯ ಸೀರೆಯನ್ನು, ಅನೇಕ ಚಿತ್ರಗಳಲ್ಲಿ ಮರಾಠಿ ಹೆಂಗಸರ ಕಚ್ಚೆಸೀರೆಯನ್ನು ಆರಿಸಿಕೊಂಡರು. ಭುಜದಿಂದ ಇಳಿಯುವ ಸೆರಗು, ಸೊಂಟದ ನೆರಿಗೆ ಇವು ಬೆಳಕು ನೆರಳಿನ ಚಿತ್ರಕಾರನಿಗೆ ಹಬ್ಬವಿದ್ದಂತೆ. ಸೀರೆಗೆ ದಕ್ಷಿಣದ ಒಡವೆ ಸೇರಿತು. ಹೀಗೆ ಒಂದೊಂದು ಕಡೆಯಿಂದ ಒಂದೊಂದನ್ನು ಆಯ್ದು ಕಟ್ಟಿದ ಹೆಣ್ಣು ಯಾವ ಊರಿನವಳೂ ಆಗಿರಲಿಲ್ಲ. ಅದಕ್ಕಾಗಿಯೇ ಎಲ್ಲ ಊರಿನವರೂ ಆಕೆಯನ್ನು ತಮ್ಮವಳೆಂದುಕೊಂಡರು.

ಉಡುಗೆಯ ಸಮಸ್ಯೆಗಿಂತ ದೊಡ್ಡದು ಮುಖದ್ದು. ಪರಪುರುಷನ ಮುಂದೆ ಗಂಟೆಗಟ್ಟಲೆ ಕೂರಲು ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಬರುವ ಕಾಲವಲ್ಲ ಅದು. ಹತ್ತಿರದ ಬಂಧುಗಳು ಕೂರುತ್ತಿದ್ದರು: 1893ರ ‘ಅಗೋ, ಅಪ್ಪ ಬಂದರು’ ಎಂಬರ್ಥದ ಹೆಸರಿನ ಪ್ರಸಿದ್ಧ ಚಿತ್ರದಲ್ಲಿ ಮಗುವನ್ನೆತ್ತಿಕೊಂಡು ನಿಂತಿರುವವಳು ಅವರ ಮಗಳು ಮಹಾಪ್ರಭಾ. ಮುಂಬಯಿಯಲ್ಲಿ ಗಾಯಕಿಯರೂ ನಟಿಯರೂ ರೂಪದರ್ಶಿಯರಾದರು. ಹಿಂದೂಸ್ತಾನಿ ಗಾಯಕಿ ಅಂಜನಿಬಾಯಿ ಮಾಲ್ಪೇಕರ್ ಅವರ ಹೆಸರು ಈ ಸಂದರ್ಭದಲ್ಲಿ ಕೇಳಿಬರುತ್ತದೆ. ಸಮಾಜ ದೂರವಿಟ್ಟ ಹೆಂಗಸರ ಮುಖಗಳು ಹೀಗೆ ದೇವರ ಕೋಣೆಯನ್ನು ಪ್ರವೇಶಿಸಿದವು. ಪಟಕ್ಕೆ ಕೈಮುಗಿದವರು ಇದನ್ನು ಯೋಚಿಸಿರಲಿಕ್ಕಿಲ್ಲ.

ತಮ್ಮ ರಾಜರಾಜವರ್ಮ ಬರೆದಿಟ್ಟ ದಿನಚರಿ ಉಳಿದುಬಂದಿದೆ. ಅದರಿಂದ ಸಹೋದರರ ಕೆಲಸದ ರೀತಿ ಸ್ಪಷ್ಟವಾಗುತ್ತದೆ. ರೂಪದರ್ಶಿಗಳ ಹುಡುಕಾಟ, ನಾಟಕಗಳ ವೀಕ್ಷಣೆ, ಛಾಯಾಚಿತ್ರಗಳ ಬಳಕೆ ಅವರ ದಿನನಿತ್ಯದ ಭಾಗವಾಗಿದ್ದವು. ಮರಾಠಿ ಸಂಗೀತ ನಾಟಕ, ಪಾರ್ಸಿ ರಂಗಭೂಮಿಗಳ ಪ್ರಭಾವವನ್ನು ಅವರ ಚಿತ್ರಗಳಲ್ಲಿ ಯಾರಾದರೂ ಗುರುತಿಸಬಹುದು. ಪಾತ್ರಗಳು ಪರದೆ ಎದ್ದ ಕ್ಷಣದಲ್ಲಿ ಸಿಕ್ಕಿಬಿದ್ದವರಂತೆ ನಿಂತಿರುತ್ತವೆ. 1901ರಲ್ಲಿ ಉದಯಪುರಕ್ಕೆ ಹೋಗಿ, ಸತ್ತು ಮೂರು ಶತಮಾನ ಕಳೆದಿದ್ದ ಮಹಾರಾಣಾ ಪ್ರತಾಪನನ್ನೂ ಅವರು ಬರೆದುಕೊಟ್ಟರು.

ಬಡೋದೆಯ ಹದಿನಾಲ್ಕು ಚಿತ್ರಗಳನ್ನು ಅರಮನೆ ಸೇರುವ ಮುನ್ನ ಸಾರ್ವಜನಿಕರ ಮುಂದಿಟ್ಟಾಗ ಜನ ಮುಗಿಬಿದ್ದರು. ಛಾಯಾಚಿತ್ರದ ಪ್ರತಿಗಳು ಅಪಾರವಾಗಿ ಮಾರಾಟವಾದವು. ಅರಸರ ಗೋಡೆಯ ಚಿತ್ರ ಬಡವನ ಗೋಡೆಗೂ ಬರಬೇಕಾದರೆ ಅಚ್ಚಾಗಲೇಬೇಕೆಂದು ದಿವಾನ್ ಟಿ. ಮಾಧವರಾಯರು ಮೊದಲೇ ಸಲಹೆ ಕೊಟ್ಟಿದ್ದರು. 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ಆರಂಭವಾಯಿತು. ಜರ್ಮನಿಯ ಯಂತ್ರ, ಜರ್ಮನ್ ತಂತ್ರಜ್ಞರು. ಬಣ್ಣಕ್ಕೊಂದು ಕಲ್ಲಚ್ಚು, ಒಂದರ ಮೇಲೊಂದು ಒತ್ತಿದರೆ ತೈಲಚಿತ್ರದ ಹೊಳಪು. ಮೊದಲು ಹೊರಬಂದದ್ದು ಶಕುಂತಲೆಯ ಜನನದ ಚಿತ್ರ. ಲಕ್ಷ್ಮಿ, ಸರಸ್ವತಿಯರು ಹಿಂದೆಯೇ ಬಂದರು. ಜನಕ್ಕೆ ಇಷ್ಟವಾಯಿತು, ವ್ಯಾಪಾರ ಮಾತ್ರ ಕೈಹಿಡಿಯಲಿಲ್ಲ. ಮುಂಬಯಿಗೆ ಪ್ಲೇಗ್ ಬಂತು, ಸಾಲ ಬೆಳೆಯಿತು, ಮುದ್ರಣಾಲಯ ಲೋನಾವಳದ ಬಳಿಯ ಮಳವಲಿಗೆ ಹೋಯಿತು. 1901ರಲ್ಲಿ ಅದನ್ನು ಅಲ್ಲಿನ ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಷರ್ ಅವರಿಗೆ ಮಾರಬೇಕಾಯಿತು. ಅದೇ ಮುದ್ರಣಾಲಯದಲ್ಲಿ ಕೆಲಕಾಲ ದುಡಿದವರು ದಾದಾಸಾಹೇಬ್ ಫಾಲ್ಕೆ. 1913ರ ‘ರಾಜಾ ಹರಿಶ್ಚಂದ್ರ’ಕ್ಕೆ ತಾರಾಮತಿಯಾಗಲು ಹೆಣ್ಣು ಸಿಗದೆ ಗಂಡಸಿಗೆ ಸೀರೆ ಉಡಿಸಬೇಕಾಗಿ ಬಂದಾಗ, ರವಿವರ್ಮರ ಕಷ್ಟ ಅವರಿಗೆ ನೆನಪಾಗಿರಬಹುದು.

ಮನ್ನಣೆಗೆ ಕೊರತೆಯಿರಲಿಲ್ಲ. 1893ರ ಷಿಕಾಗೋ ಪ್ರದರ್ಶನಕ್ಕೆ ಕಳಿಸಿದ ಹತ್ತು ಚಿತ್ರಗಳಿಗೆ ಎರಡು ಪದಕ, 1904ರಲ್ಲಿ ಕೈಸರ್-ಇ-ಹಿಂದ್ ಚಿನ್ನದ ಪದಕ. ಟೀಕೆಯೂ ಕಡಿಮೆಯಿರಲಿಲ್ಲ. ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಅವರಂಥವರು ಈ ಚಿತ್ರಗಳಲ್ಲಿ ನಾಟಕೀಯತೆಯನ್ನೂ ಪಾಶ್ಚಾತ್ಯ ಅನುಕರಣೆಯನ್ನೂ ಕಂಡರು. ನೆಲದ ಮೇಲೆ ಮಲಗಿ ಪತ್ರ ಬರೆಯುವ ಶಕುಂತಲೆ ನಿವೇದಿತಾರಿಗೆ ಒಪ್ಪಿಗೆಯಾಗಲಿಲ್ಲ. ಅವನೀಂದ್ರನಾಥ ಠಾಕೂರರು ಕಲ್ಕತ್ತೆಯಲ್ಲಿ ಬೇರೆಯದೇ ದಾರಿ ಹಿಡಿದರು, ಮೈಸೂರಿನ ಕೆ. ವೆಂಕಟಪ್ಪನವರು 1909ರಲ್ಲಿ ಕಲಿಯಲು ಹೋದದ್ದು ಅವರ ಬಳಿಗೇ.

ಟೀಕೆಯಲ್ಲಿ ಹುರುಳಿಲ್ಲವೆಂದು ಈ ಲೇಖಕನಿಗೂ ಅನ್ನಿಸುವುದಿಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಸಂಗ್ರಹಕ್ಕೆ ಸೇರಿದ, 1889ರ ಸುಮಾರಿನ ಸಂಗೀತಗಾರ್ತಿಯರ ಸಮೂಹಚಿತ್ರವನ್ನು ನೋಡಿ. ಭಾರತದ ಬೇರೆಬೇರೆ ಪ್ರಾಂತಗಳ ಉಡುಗೆ ತೊಟ್ಟ ಹನ್ನೊಂದು ಹೆಂಗಸರು ಅದರಲ್ಲಿದ್ದಾರೆ. ಬಟ್ಟೆಯ ಮಡಿಕೆ, ಒಡವೆಯ ಹೊಳಪು, ವಾದ್ಯದ ಮರ ಇವೆಲ್ಲ ಕಣ್ಣು ಕೀಳಲಾಗದಷ್ಟು ನಿಜ. ಮುಖಗಳಿಗೆ ಬಂದರೆ, ಹನ್ನೊಂದು ಮಂದಿಯೂ ಅಕ್ಕತಂಗಿಯರಂತೆ ತೋರುತ್ತಾರೆ. ಉಡುಗೆಯನ್ನು ದೇಶವೆಲ್ಲ ಸುತ್ತಿ ಹುಡುಕಿದ ಕಲಾವಿದ ಮುಖವನ್ನು ಮಾತ್ರ ಅಷ್ಟು ಹುಡುಕಲಿಲ್ಲವೇನೋ. ಅಥವಾ ಹುಡುಕುತ್ತಿದ್ದ ಮುಖ ಸಿಕ್ಕಿತೆಂದು ಬೇಗ ನಿಂತುಬಿಟ್ಟರೋ.

ಕೊನೆಯ ದೊಡ್ಡ ಕೆಲಸವೂ ಮೈಸೂರಿನದೇ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರಿಗಾಗಿ ಪುರಾಣಚಿತ್ರಗಳ ಸರಣಿಯೊಂದನ್ನು ಸಹೋದರರು ಕೈಗೆತ್ತಿಕೊಂಡಿದ್ದರು. 1905ರ ಜನವರಿಯಲ್ಲಿ ತಮ್ಮ ರಾಜರಾಜವರ್ಮ ತೀರಿಕೊಂಡರು. ಅಣ್ಣನ ಜೊತೆ ಊರೂರು ಅಲೆದವನು, ಲೆಕ್ಕಪತ್ರ ನೋಡಿದವನು, ಹಿನ್ನೆಲೆಯ ಆಕಾಶ ಬರೆದವನು ಹೋದಮೇಲೆ, ಸಕ್ಕರೆ ಕಾಯಿಲೆಯಿಂದ ಬಳಲುತ್ತಿದ್ದ ರವಿವರ್ಮ ಉಳಿದ ಕೆಲಸವನ್ನು ಒಬ್ಬರೇ ಮುಂದುವರಿಸಿದರು. 1906ರ ಅಕ್ಟೋಬರ್ 2ರಂದು, ತಮ್ಮ ಐವತ್ತೆಂಟನೆಯ ವಯಸ್ಸಿನಲ್ಲಿ, ಕೊನೆಯುಸಿರೆಳೆದರು.

ಮಗ ರಾಮವರ್ಮ ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಕ್ರಮವಾಗಿ ಓದಿ ಚಿತ್ರಕಾರರಾದರು. 1915ರಲ್ಲಿ ಅವರು ತಾಯಿಯ ಊರಾದ ಮಾವೇಲಿಕ್ಕರದಲ್ಲಿ ತಂದೆಯ ಹೆಸರಿನಲ್ಲೇ ಒಂದು ಚಿತ್ರಕಲಾ ಶಾಲೆಯನ್ನು ತೆರೆದು ಮಕ್ಕಳಿಗೆ ಬಣ್ಣ ಬೆರೆಸುವುದನ್ನು ಕಲಿಸತೊಡಗಿದರು.