ನೆಲದ ಚರಿತ್ರೆಯನ್ನು ಓದಿದ ಮಹನೀಯ: ರಾಬರ್ಟ್ ಬ್ರೂಸ್ ಫೂಟ್

ಮನುಷ್ಯನು ತಾನು ಹುಟ್ಟಿದ ನೆಲವನ್ನು ದಿನವೂ ತುಳಿಯುತ್ತಾನೆ. ಅದನ್ನು ಉತ್ತು ಬಿತ್ತುತ್ತಾನೆ, ಅದರಲ್ಲಿ ಬಾವಿ ತೋಡುತ್ತಾನೆ, ಅದರ ಕಲ್ಲನ್ನು ಕಿತ್ತು ಮನೆ ಕಟ್ಟಿಕೊಳ್ಳುತ್ತಾನೆ. ಆದರೆ ಆ ನೆಲದ ಪೂರ್ವವೃತ್ತಾಂತವನ್ನು ವಿಚಾರಿಸುವವರು ವಿರಳ. ರಾಜರ ವಂಶಾವಳಿಯನ್ನು ಬಾಯಿಪಾಠ ಹೇಳುವ ವಿದ್ಯಾರ್ಥಿಯು ತನ್ನ ಊರ ಹಳ್ಳದ ದಂಡೆಯಲ್ಲಿ ಕಾಣುವ ಮಣ್ಣಿನ ಪದರುಗಳ ಅರ್ಥವನ್ನು ಹೇಳಲಾರ. ಬೆಳಗಾವಿ ಜಿಲ್ಲೆಯ ನೆಲವನ್ನು ಒಂದು ಗ್ರಂಥದಂತೆ ಎದುರಿಗಿಟ್ಟುಕೊಂಡು, ಪುಟಪುಟವಾಗಿ ಓದಿ, ಓದಿದುದನ್ನು ಕ್ರಮಬದ್ಧವಾಗಿ ಬರೆದಿಟ್ಟ ಮಹನೀಯರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರು ಅಗ್ರಗಣ್ಯರು. ವಿದ್ವಾಂಸರು ಅವರನ್ನು ಭಾರತೀಯ ಪ್ರಾಗಿತಿಹಾಸದ ಪಿತಾಮಹರೆಂದು ಗೌರವಿಸುತ್ತಾರೆ. ಆದರೆ ಅವರು ನಡೆದಾಡಿದ ಕೃಷ್ಣಾ, ಘಟಪ್ರಭಾ, ಮಲಪ್ರಭಾ ತೀರಗಳ ಊರುಗಳಲ್ಲಿಯೇ ಅವರ ಹೆಸರನ್ನು ಬಲ್ಲವರು ಕಡಿಮೆ.

ಫೂಟ್ ಅವರು 1834ರ ಸಪ್ಟಂಬರ 22ರಂದು ಇಂಗ್ಲಂಡಿನ ಚೆಲ್ಟನಹ್ಯಾಮ್ ಎಂಬಲ್ಲಿ ಜನಿಸಿದರು. ಭಾರತದ ಭೂಗರ್ಭ ಸಮೀಕ್ಷಾ ಇಲಾಖೆಯು 1851ರಲ್ಲಿ ಥಾಮಸ್ ಓಲ್ಡಹ್ಯಾಮ್ ಅವರ ನೇತೃತ್ವದಲ್ಲಿ ಸ್ಥಾಪನೆಗೊಂಡಿತ್ತು. ನಾಡಿನ ಕಲ್ಲಿದ್ದಲು ನಿಕ್ಷೇಪಗಳನ್ನು ಹುಡುಕುವುದು ಅದರ ಆರಂಭದ ಮುಖ್ಯ ಉದ್ದೇಶ. 1858ರ ಡಿಸೆಂಬರದಲ್ಲಿ, ತಮ್ಮ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಫೂಟ್ ಅವರು ಈ ಇಲಾಖೆಯನ್ನು ಸೇರಿ ದಕ್ಷಿಣ ಭಾರತದ ಕಾರ್ಯಕ್ಷೇತ್ರಕ್ಕೆ ಬಂದರು. ಮುಂದಿನ ಮೂವತ್ತಮೂರು ವರ್ಷಗಳ ಕಾಲ ಮದರಾಸು, ಮುಂಬಯಿ ಇಲಾಖೆಗಳಲ್ಲಿಯೂ ಹೈದರಾಬಾದ, ಮೈಸೂರು ಸಂಸ್ಥಾನಗಳಲ್ಲಿಯೂ ಅವರು ಸಂಚರಿಸಿದರು. ಅಂದಿನ ಭೂಗರ್ಭಶಾಸ್ತ್ರಜ್ಞನ ಜೀವನವು ಕುದುರೆಯ ಬೆನ್ನಿನ ಮೇಲೆ, ಬಂಡಿಯ ಹಾದಿಯಲ್ಲಿ, ಡೇರೆಯ ವಾಸದಲ್ಲಿ ಕಳೆಯುವಂಥದು. ಕೈಯಲ್ಲಿ ಒಂದು ಸುತ್ತಿಗೆ, ಹೆಗಲಲ್ಲಿ ಒಂದು ಚೀಲ, ಬರೆದುಕೊಳ್ಳಲು ಒಂದು ಪುಸ್ತಕ. ಇವೇ ಅವನ ಮುಖ್ಯ ಸಾಧನಗಳು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರದಲ್ಲಿ, ಜಂಬುಮಣ್ಣಿನ ಗರಸು ತೆಗೆದಿದ್ದ ಒಂದು ಕುಣಿಯಲ್ಲಿ, ಫೂಟ್ ಅವರ ದೃಷ್ಟಿಗೆ ಒಂದು ಕಲ್ಲು ಬಿದ್ದಿತು. ಸಾಮಾನ್ಯರ ಕಣ್ಣಿಗೆ ಅದು ಬರಿಯ ಕಲ್ಲು. ಆದರೆ ಅದರ ಎರಡೂ ಮುಖಗಳಲ್ಲಿ ಚಕ್ಕೆ ಎಬ್ಬಿಸಿದ ಗುರುತುಗಳಿದ್ದವು, ಅಂಚುಗಳು ಹರಿತಗೊಂಡಿದ್ದವು. ಪ್ರಕೃತಿಯಲ್ಲಿ ತಾನಾಗಿ ಒಡೆದ ಕಲ್ಲು ಅದಲ್ಲವೆಂದೂ, ಮನುಷ್ಯನ ಕೈ ರೂಪಿಸಿದ ಆಯುಧವೆಂದೂ ಅವರು ಗುರುತಿಸಿದರು. ಅದೇ ವರ್ಷದ ಸಪ್ಟಂಬರದಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಅತ್ತಿರಂಪಾಕ್ಕಂ ಎಂಬಲ್ಲಿ ಇಂಥವೇ ಆಯುಧಗಳನ್ನು ಕಂಡರು. ಹಳೆಯ ಶಿಲಾಯುಗದ ಮಾನವನು ಭರತಖಂಡದಲ್ಲಿಯೂ ಬಾಳಿದ್ದನೆಂಬುದು ಹೀಗೆ ಸಿದ್ಧವಾಯಿತು. ಅತ್ತಿರಂಪಾಕ್ಕಂ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಪ್ರಾಚೀನವೆಂದು 2011ರಲ್ಲಿ ಪ್ರಕಟವಾದ ಸಂಶೋಧನೆಯು ತೋರಿಸಿಕೊಟ್ಟಿದೆ. ಒಂದು ಕಲ್ಲನ್ನು ಅಲಕ್ಷಿಸದೆ ಬಗ್ಗಿ ಎತ್ತಿಕೊಂಡ ಫಲವಾಗಿ ಒಂದು ದೇಶದ ಚರಿತ್ರೆಯ ಆರಂಭವೇ ಇಷ್ಟೊಂದು ಹಿಂದಕ್ಕೆ ಸರಿಯಿತು.

ಬೆಳಗಾವಿ, ಕಲಾದಗಿ ಜಿಲ್ಲೆಗಳೂ ಅವುಗಳ ನೆರೆಯ ಸಂಸ್ಥಾನಗಳೂ ಅಂದು ದಕ್ಷಿಣ ಮರಾಠಾ ಸೀಮೆಯೆಂದು ಕರೆಯಿಸಿಕೊಳ್ಳುತ್ತಿದ್ದವು. ಈ ಸೀಮೆಯ ಭೂಲಕ್ಷಣಗಳನ್ನು ಕುರಿತು ಫೂಟ್ ಅವರು ರಚಿಸಿದ ಬೃಹತ್ ವರದಿಯು 1876ರಲ್ಲಿ ಇಲಾಖೆಯ ಪ್ರಬಂಧಮಾಲೆಯ ಹನ್ನೆರಡನೆಯ ಸಂಪುಟವಾಗಿ ಪ್ರಕಟವಾಯಿತು. ಈ ಭಾಗದ ನೆಲವನ್ನು ಅರಿಯಬಯಸುವವರಿಗೆ ಅದು ಇಂದಿಗೂ ಮೂಲಾಧಾರವಾಗಿದೆ.

ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ನೆಲದಡಿಯಲ್ಲಿ ಹಾಸಿರುವುದು ಕರಿಗಲ್ಲು. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಲಾವಾರಸವು ಉಕ್ಕಿ ಹರಿದು, ಪದರಿನ ಮೇಲೆ ಪದರಾಗಿ ತಣಿದು ಗಟ್ಟಿಯಾಯಿತು. ಕೆಲವು ಪದರುಗಳು ಉಕ್ಕಿನಂತೆ ಗಡುಸು. ಕೆಲವು ಗಾಳಿಗುಳ್ಳೆಗಳಿಂದ ತುಂಬಿ ಮೆದುವಾದವು. ಗುಡ್ಡಗಳು ಮೆಟ್ಟಿಲು ಮೆಟ್ಟಿಲಾಗಿ, ನೆತ್ತಿ ಚಪ್ಪಟೆಯಾಗಿ ಕಾಣುವುದಕ್ಕೆ ಇದೇ ಕಾರಣ. ಒಂದು ಬಾವಿಗೆ ನೀರು ಬಿದ್ದು, ಪಕ್ಕದ ಹೊಲದ ಬಾವಿಯು ಅಷ್ಟೇ ಆಳಕ್ಕೆ ಹೋದರೂ ಬತ್ತಿರುವುದಕ್ಕೂ ಇದೇ ಕಾರಣ. ಇಡಿಗಲ್ಲಿನಲ್ಲಿ ನೀರು ನಿಲ್ಲದು. ಬಿರುಕಿನಲ್ಲಿಯೂ ಶಿಥಿಲವಾದ ಪದರಿನಲ್ಲಿಯೂ ಅದು ನಿಲ್ಲುತ್ತದೆ. ಈ ಕರಿಗಲ್ಲು ಮಳೆಬಿಸಿಲುಗಳಿಗೆ ಸಿಕ್ಕು ಯುಗಯುಗಗಳ ಕಾಲ ಸವೆದುದರ ಫಲವೇ ಜೋಳ, ಹತ್ತಿ, ಕಬ್ಬುಗಳನ್ನು ಬೆಳೆಯುವ ಎರೆಮಣ್ಣು. ದಕ್ಷಿಣಕ್ಕೆ ಗೋಕಾಕದತ್ತ ಸಾಗಿದರೆ ಕರಿಗಲ್ಲಿನ ಹಾಸು ಮುಗಿದು, ಅದಕ್ಕಿಂತ ಬಹು ಪುರಾತನವಾದ ಮರಳುಗಲ್ಲು ತಲೆಯೆತ್ತುತ್ತದೆ. ಘಟಪ್ರಭೆಯು ಧುಮುಕುವ ಗೋಕಾಕ ಜಲಪಾತದ ಬಂಡೆಯು ಈ ಜಾತಿಯದು. ಈ ಶಿಲಾಸಮೂಹಕ್ಕೆ ಕಲಾದಗಿಯ ಹೆಸರನ್ನಿಟ್ಟವರು ಫೂಟ್ ಅವರೇ.

ಗೋಕಾಕದ ಸಮೀಪದಲ್ಲಿ, ಅವರ ಬರಹದಲ್ಲಿ ಚಿಕ್‌ದೌಲಿ ಎಂದು ಕಾಣುವ ಹಳ್ಳಿಯ ಬಳಿ, ಫೂಟ್ ಅವರಿಗೆ ಒಂದು ಅಪೂರ್ವ ವಸ್ತು ದೊರೆಯಿತು. ನೀರು ತಂದು ಕೂಡಿಸಿದ ಮಣ್ಣಿನ ಪದರುಗಳಲ್ಲಿ ಅವರು ಕಂಡುದು ಖಡ್ಗಮೃಗವೊಂದರ ಎಲುಬುಗಳ ಪಳೆಯುಳಿಕೆ. ಇಂದು ಈ ದೇಶದಲ್ಲಿ ಖಡ್ಗಮೃಗಗಳು ಉಳಿದಿರುವುದು ಅಸ್ಸಾಮ ಮೊದಲಾದ, ಜವುಗುಹುಲ್ಲು ಬೆಳೆಯುವ ದೂರದ ಪ್ರದೇಶಗಳಲ್ಲಿ ಮಾತ್ರ. ನಶಿಸಿಹೋದ ಈ ಪ್ರಾಣಿಗೆ ಅವರು ದಖ್ಖಣದ ಹೆಸರನ್ನೇ ಇಟ್ಟು 1874ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಬರಗಾಲಕ್ಕೆ ಹೆಸರಾದ ಸೀಮೆಯಲ್ಲಿ ಒಂದು ಕಾಲಕ್ಕೆ ನೀರು, ಹುಲ್ಲು, ನೆರಳು ಯಥೇಚ್ಛವಾಗಿದ್ದುವೆಂಬುದಕ್ಕೆ ಆ ಎಲುಬುಗಳು ಸಾಕ್ಷಿ ಹೇಳಿದವು. ಮಲಪ್ರಭೆಯ ಕಣಿವೆಯಲ್ಲಿ ಹಳೆಯ ಶಿಲಾಯುಗದ ಆಯುಧಗಳನ್ನೂ ಅವರು ಗುರುತಿಸಿದರು.

ಅವರ ವಿಚಾರಶಕ್ತಿಗೆ ಇನ್ನೊಂದು ನಿದರ್ಶನವು ಬಳ್ಳಾರಿ ಸೀಮೆಯ ಬೂದಿದಿಬ್ಬಗಳು. ಇವನ್ನು ಪುರಾಣಕಾಲದ ರಾಕ್ಷಸರನ್ನೂ ವಾಲಿಯನ್ನೂ ಸುಟ್ಟ ಬೂದಿಯೆಂದು ಜನರು ನಂಬಿದ್ದರು. ಫೂಟ್ ಅವರು ದಿಬ್ಬಗಳನ್ನು ಪರೀಕ್ಷಿಸಿ, ನವಶಿಲಾಯುಗದ ದನಗಾಹಿಗಳು ಕೂಡಿಹಾಕಿದ ಸಗಣಿಯು ಉರಿದು ಉಳಿದ ಬೂದಿ ಇದೆಂದು ನಿರ್ಣಯಿಸಿದರು. ಇಪ್ಪತ್ತನೆಯ ಶತಮಾನದ ಉತ್ಖನನಗಳು ಈ ನಿರ್ಣಯವನ್ನು ಎತ್ತಿಹಿಡಿದವು. 1874ರಲ್ಲಿ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದ ಅವರು, 1880ರ ದಶಕದಲ್ಲಿ ಇಂಥ ಶಿಲೆಗಳನ್ನೆಲ್ಲ ಪ್ರತ್ಯೇಕವಾದ ಒಂದು ವರ್ಗವೆಂದು ಸಾಧಿಸಿ ಅದಕ್ಕೆ ಧಾರವಾಡದ ಹೆಸರನ್ನು ಕೊಟ್ಟರು. 250 ಕೋಟಿ ವರ್ಷಗಳಿಗೂ ಹಿಂದಿನ ಈ ಶಿಲೆಗಳಿಂದಾಗಿ ಧಾರವಾಡವೆಂಬ ಕನ್ನಡ ಊರಿನ ಹೆಸರು ಇಂದು ಜಗತ್ತಿನ ಭೂಗರ್ಭಶಾಸ್ತ್ರದ ಗ್ರಂಥಗಳಲ್ಲಿ ಶಾಶ್ವತವಾಗಿದೆ.

1891ರಲ್ಲಿ ನಿವೃತ್ತರಾದ ಮೇಲೆಯೂ ಫೂಟ್ ಅವರು ಸುಮ್ಮನೆ ಕುಳಿತವರಲ್ಲ. ಬಡೋದೆ ಸಂಸ್ಥಾನದ ಭೂಪರೀಕ್ಷೆಯನ್ನು ನಡೆಸಿಕೊಟ್ಟರು. 1894ರಲ್ಲಿ ಸ್ಥಾಪನೆಗೊಂಡ ಮೈಸೂರು ಸಂಸ್ಥಾನದ ಭೂಗರ್ಭ ಇಲಾಖೆಗೆ ಮೊದಲ ಮುಖ್ಯಸ್ಥರಾದರು. ಕೊನೆಯಲ್ಲಿ ಸೇಲಂ ಜಿಲ್ಲೆಯ ಯೇರ್ಕಾಡಿನಲ್ಲಿ ನೆಲೆಸಿ, ನಾಲ್ಕು ದಶಕಗಳಿಂದ ಕೂಡಿಸಿದ ಪ್ರಾಚೀನ ವಸ್ತುಗಳನ್ನು ಒಪ್ಪವಾಗಿ ಜೋಡಿಸತೊಡಗಿದರು. ಆ ಸಂಗ್ರಹವು ಪರದೇಶದ ಪಾಲಾಗದೆ 1904ರಲ್ಲಿ ಮದರಾಸಿನ ಸರಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಯಾವ ವಸ್ತು ಯಾವ ಊರಿನಲ್ಲಿ ದೊರೆಯಿತೆಂಬುದನ್ನು ಅವರು ಬರೆದಿಟ್ಟಿದ್ದರು. ಊರಿನ ಹೆಸರಿಲ್ಲದ ಕಲ್ಲು ಮೂಕವೆಂಬುದನ್ನು ಅವರು ಬಲ್ಲವರಾಗಿದ್ದರು. 1912ರ ಡಿಸೆಂಬರ 29ರಂದು, ತಮ್ಮ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ, ಅವರು ನಿಧನ ಹೊಂದಿದರು. ಅವರ ಸಂಗ್ರಹದ ವಿವರಪಟ್ಟಿಯು 1914ರಲ್ಲಿಯೂ, ಟಿಪ್ಪಣಿಗಳ ಸಂಪುಟವು 1916ರಲ್ಲಿಯೂ ಮದರಾಸಿನಲ್ಲಿ ಅಚ್ಚಾದವು. ಅಕ್ಷರವರಿಯದ ರೈತನೂ ವಸ್ತುಸಂಗ್ರಹಾಲಯದಲ್ಲಿ ನಿಂತು ತನ್ನ ನೆಲದ ಪೂರ್ವಿಕರ ಆಯುಧವನ್ನು ಕಣ್ಣಾರೆ ಕಾಣುವ ಅನುಕೂಲವು ಹೀಗೆ ಒದಗಿತು.

ಇಷ್ಟಾದರೂ ಫೂಟ್ ಅವರ ಕಾರ್ಯದಲ್ಲಿ ಒಂದು ಕೊರತೆ ಉಳಿಯಿತೆಂಬುದನ್ನು ಮರೆಮಾಚಬೇಕಾಗಿಲ್ಲ. ಅದು ಅವರೊಬ್ಬರ ಕೊರತೆಯಲ್ಲ, ಕಾಲದ ಕೊರತೆ. ಅವರ ವರದಿಗಳು ಇಂಗ್ಲಿಷಿನಲ್ಲಿ, ಸರಕಾರದ ಮತ್ತು ವಿದ್ವಾಂಸರ ಉಪಯೋಗಕ್ಕಾಗಿ ರಚಿತವಾದವು. ಯಾವ ನೆಲವನ್ನು ಕುರಿತು ಬರೆಯಲಾಯಿತೋ ಆ ನೆಲದ ಜನರ ಮನೆಬಾಗಿಲಿಗೆ ಅವು ಬರಲಿಲ್ಲ. ಬಾವಿ ತೋಡುವವನ ಅನುಭವವೂ ಶಾಸ್ತ್ರಜ್ಞನ ಅನುಭವವೂ ಒಂದೇ ಬಂಡೆಯನ್ನು ಕುರಿತವಾಗಿದ್ದರೂ ಇಬ್ಬರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ದಾರಿ ಇರಲಿಲ್ಲ.

ಈ ಅಂತರಕ್ಕೆ ಜನರು ತೆತ್ತ ಬೆಲೆ ಅಲ್ಪವಾದುದಲ್ಲ. ದಖ್ಖಣದ ಕರಿಗಲ್ಲಿನ ನೆಲವು ಅಲುಗದು ಎಂಬ ನಂಬಿಕೆ ಬಹುಕಾಲ ವಿದ್ವಾಂಸರಲ್ಲಿಯೂ ಬಲವಾಗಿತ್ತು. 1967ರ ಡಿಸೆಂಬರ 11ರಂದು ಕೋಯ್ನಾದಲ್ಲಿ ಭೂಕಂಪವಾಗಿ ಆ ನಂಬಿಕೆಯು ಒಡೆಯಿತು. ಆದರೆ ಅದರ ಪಾಠವು ಹಳ್ಳಿಹಳ್ಳಿಯ ಗೌಂಡಿಯನ್ನು ಮುಟ್ಟಲಿಲ್ಲ. 1993ರ ಸಪ್ಟಂಬರ 30ರ ಬೆಳಗಿನ ಜಾವ ಲಾತೂರ ಜಿಲ್ಲೆಯ ಕಿಲ್ಲಾರಿ ಸೀಮೆಯಲ್ಲಿ ನೆಲ ನಡುಗಿ ಸುಮಾರು 10,000 ಜನರು ಮಡಿದರು. ಅವರನ್ನು ಕೊಂದುದು ಬಹುಮಟ್ಟಿಗೆ ಅವರ ಮನೆಗಳೇ. ಉಂಡೆಗಲ್ಲುಗಳನ್ನು ಕೆಸರಿನಲ್ಲಿ ಹೊಂದಿಸಿ ಕಟ್ಟಿದ ದಪ್ಪ ಗೋಡೆಗಳು, ಮೇಲೆ ಮಣ್ಣಿನ ಭಾರವಾದ ಮಾಳಿಗೆ; ಇಂಥ ಮನೆಗಳು ಮಲಗಿದ್ದವರ ಮೇಲೆಯೇ ಕುಸಿದವು. ಗೋಡೆಯ ಎರಡೂ ಮುಖಗಳನ್ನು ಬಿಗಿಯುವಂತೆ ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲುಗಳನ್ನು ಹಾಕುವುದು, ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಒಂದು ಪಟ್ಟಿ ಕಟ್ಟುವುದು, ಮಾಳಿಗೆಯ ಭಾರವನ್ನು ಇಳಿಸುವುದು. ಇವು ಕಷ್ಟಸಾಧ್ಯವಾದ ವಿದ್ಯೆಗಳಲ್ಲ. ತಿಳಿದವರು ತಿಳಿಯದವರಿಗೆ ಸಕಾಲದಲ್ಲಿ ಹೇಳಬೇಕು, ಅಷ್ಟೆ.

ಕೃಷ್ಣೆಯ ಪ್ರವಾಹದ ವಿಷಯವೂ ಇಂಥದೇ. ಮಹಾಬಳೇಶ್ವರದಲ್ಲಿ ಹುಟ್ಟಿದ ನದಿಯನ್ನು ಕರಾಡದಲ್ಲಿ ಕೋಯ್ನೆಯೂ, ಸಾಂಗಲಿಯ ಬಳಿ ವಾರಣೆಯೂ, ನರಸೋಬವಾಡಿಯಲ್ಲಿ ಪಂಚಗಂಗೆಯೂ ಕೂಡಿಕೊಳ್ಳುತ್ತವೆ. ಸಹ್ಯಾದ್ರಿಯ ಮಳೆಯೆಲ್ಲ ಒಟ್ಟಾಗಿ ಇಳಿದಾಗ ಶೇಡಬಾಳ ಸೀಮೆಯಲ್ಲಿ ಆಕಾಶವು ತಿಳಿಯಾಗಿದ್ದರೂ ಹೊಳೆಯು ದಂಡೆ ಮೀರಬಲ್ಲದು. 2005ರಲ್ಲಿಯೂ 2019ರಲ್ಲಿಯೂ ಹೊಳೆಸಾಲಿನ ಹಳ್ಳಿಗಳು ಇದನ್ನು ಅನುಭವಿಸಿದವು. ಫೂಟ್ ಅವರು ಹಳ್ಳದ ದಂಡೆಗಳಲ್ಲಿ ಓದಿದ ಮಣ್ಣಿನ ಪದರುಗಳು ಹಿಂದಿನ ಪ್ರವಾಹಗಳು ಬಿಟ್ಟುಹೋದ ರುಜುಗಳಲ್ಲದೆ ಬೇರೆಯಲ್ಲ. ನದಿಯು ತಾನು ಹಾಸಿದ ಮಣ್ಣಿನ ಮೇಲೆ ಮತ್ತೊಮ್ಮೆ ಹರಿಯಬಲ್ಲದು ಎಂಬುದೇ ಆ ಪದರುಗಳ ತಾತ್ಪರ್ಯ. ಇದನ್ನು ಓದಬಲ್ಲವನು ಮನೆಯನ್ನು ಎತ್ತರದಲ್ಲಿ ಕಟ್ಟುತ್ತಾನೆ, ದನಕರುಗಳನ್ನು ಮೊದಲೇ ಸಾಗಿಸುತ್ತಾನೆ.

ಫೂಟ್ ಅವರ ಜೀವನದ ಸಂದೇಶವು ಸರಳವಾದುದು. ನೆಲವು ಎಲ್ಲರೆದುರಿಗೂ ತೆರೆದಿಟ್ಟ ಗ್ರಂಥ. ಅದನ್ನು ಓದಲು ಬೇಕಾದುದು ಬಗ್ಗಿ ನೋಡುವ ವಿನಯ, ಗುರುತಿಟ್ಟು ಬರೆಯುವ ಶಿಸ್ತು, ಬೇಗ ನಂಬದ ಬುದ್ಧಿ. ಅವರು ಓದಿ ಅರ್ಧ ದಾರಿ ನಡೆದರು. ಅವರ ಓದನ್ನು ಕನ್ನಡದಲ್ಲಿ, ರೈತನಿಗೂ ಗೌಂಡಿಗೂ ತಿಳಿಯುವಂತೆ ಹೇಳುವ ಉಳಿದರ್ಧ ದಾರಿಯು ಶಾಲೆಗಳ ಪಾಲಿಗೆ ಉಳಿದಿದೆ. ಅಧ್ಯಾಪಕನೊಬ್ಬನು ಮಕ್ಕಳನ್ನು ಒಂದು ದಿನ ಹಳ್ಳದ ದಂಡೆಗೆ ಕರೆದೊಯ್ದು, ಪದರುಗಳನ್ನು ಬೆರಳಿಟ್ಟು ತೋರಿಸಿ, ಮುಂದೊಂದು ದಿನ ಕಲ್ಲಗಣಿಯಲ್ಲಿಯೂ ಬಾವಿಯ ಕಟ್ಟೆಯಲ್ಲಿಯೂ ಅದೇ ಪಾಠವನ್ನು ಮುಂದುವರಿಸಿದರೆ, ಆ ಮಕ್ಕಳು ಸಂಜೆ ಮನೆಗೆ ಹೋಗಿ ತಂದೆತಾಯಿಗಳಿಗೆ ಅದನ್ನು ಹೇಳದೆ ಇರಲಾರರು. ಈ ಸೀಮೆಯಲ್ಲಿ ನಡೆದು ಸವೆದ ಆ ಮಹನೀಯರಿಗೆ ಸಲ್ಲಿಸಬಹುದಾದ ಕೃತಜ್ಞತೆ ಇದಕ್ಕಿಂತ ಮಿಗಿಲಾದುದಿಲ್ಲ.