ಕೊಳೆರೋಗದ ಮದ್ದಿಗೆ ಹೊತ್ತು ಗೊತ್ತುಮಾಡಿದ ಕೋಲ್ಮನ್



ಪತ್ತನಾಜೆ ಬಂತೆಂದರೆ ಬಾರ್ಕೂರಿನ ಆಸುಪಾಸಿನ ಅಡಿಕೆ ತೋಟಗಳಲ್ಲಿ ಮೈಲುತುತ್ತ ಕರಗಿಸುವ, ಸುಣ್ಣ ಅರಳಿಸುವ ಗಡಿಬಿಡಿ ಮೊದಲಾಗುತ್ತದೆ. ಮರ ಹತ್ತುವವರನ್ನು ಹುಡುಕಿ ತರಬೇಕು, ಪಂಪಿನ ವಾಷರು ನೋಡಿಕೊಳ್ಳಬೇಕು, ಮೋಡ ನೋಡಿಕೊಂಡು ಮದ್ದು ಬಿಡಬೇಕು. ಇದನ್ನು ನೀವು ನಿಮ್ಮ ಹಿರಿಯರಿಂದ ಕಲಿತಿರಿ. ಆದರೆ ನೂರಿಪ್ಪತ್ತು ವರ್ಷಗಳ ಹಿಂದೆ ನಮ್ಮ ಬೆಳೆಗಾರರಿಗೆ ಈ ಮದ್ದಿನ ಪರಿಚಯವೇ ಇರಲಿಲ್ಲ. ಇದನ್ನು ಅಡಿಕೆ ತೋಟಕ್ಕೆ ತಂದವರು ದೂರದ ಕೆನಡಾ ದೇಶದ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್. ಅವರ ಬಾಳಿನ ಕಥೆ ತಿಳಿದರೆ ಮದ್ದಿನ ಮರ್ಮವೂ ತಿಳಿಯುತ್ತದೆ.

ಕೋಲ್ಮನ್ ಹುಟ್ಟಿದ್ದು 1878ರಲ್ಲಿ, ಕೆನಡಾದ ಒಂಟಾರಿಯೋ ಪ್ರಾಂತ್ಯದಲ್ಲಿ. ಟೊರಾಂಟೊ ವಿಶ್ವವಿದ್ಯಾನಿಲಯದಲ್ಲಿ ಓದಿ, ಜರ್ಮನಿಯ ಗಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದರು. 1908ರಲ್ಲಿ ಮೈಸೂರು ಸಂಸ್ಥಾನದ ಸರಕಾರ ಅವರನ್ನು ಶಿಲೀಂಧ್ರ ಮತ್ತು ಕೀಟ ತಜ್ಞರನ್ನಾಗಿ ನೇಮಿಸಿಕೊಂಡಿತು. ಆಗ ಅವರಿಗೆ ಮೂವತ್ತರ ಪ್ರಾಯ.

ಆ ಕಾಲದಲ್ಲಿ ಮಲೆನಾಡಿನ ಅಡಿಕೆ ಬೆಳೆಗಾರರ ನಿದ್ದೆ ಕೆಡಿಸಿದ್ದು ಕೊಳೆರೋಗ. ನಾವು ಮಹಾಳಿ ಎನ್ನುವುದೂ ಇದನ್ನೇ. ಮಳೆಗಾಲದಲ್ಲಿ ಎಳೆಯ ಕಾಯಿಯ ತೊಟ್ಟಿನ ಬಳಿ ನೀರು ಕುಡಿದಂತೆ ಕಲೆ ಮೂಡಿ, ಕಾಯಿ ಕೊಳೆತು ಉದುರುತ್ತದೆ. ಬಿದ್ದ ಕಾಯಿಯ ಮೇಲೆ ಬಿಳಿಯ ಬೂಷ್ಟು ಹಬ್ಬುತ್ತದೆ. ವರ್ಷದ ಆದಾಯವೆಲ್ಲ ಮರದ ಬುಡದಲ್ಲಿ ಕೊಳೆಯುವುದನ್ನು ನೋಡಿಕೊಂಡು ಕೂರಬೇಕಾಗಿತ್ತು. ಹಿರಿಯರು ಕೈಕಟ್ಟಿ ಕೂತಿರಲಿಲ್ಲ. ಕರಡದ ಹುಲ್ಲಿನ ಕೊಟ್ಟೆ ಹೆಣೆದು ಪ್ರತಿ ಗೊನೆಗೂ ಕಟ್ಟಿ ಮಳೆನೀರು ತಾಗದಂತೆ ಮಾಡುತ್ತಿದ್ದರು. ಉಪಾಯ ಒಳ್ಳೆಯದೇ, ಆದರೆ ಸಾವಿರಾರು ಗೊನೆಗಳಿಗೆ ಕೊಟ್ಟೆ ಕಟ್ಟುವ ಶ್ರಮವೆಷ್ಟು, ಖರ್ಚೆಷ್ಟು ಎಂಬುದನ್ನು ನೀವೇ ಊಹಿಸಿ.

ಕೋಲ್ಮನ್ ಅವರಿಗಿಂತ ಮೊದಲೇ ಪೂಸಾ ಸಂಸ್ಥೆಯ ಬಟ್ಲರ್ ಎಂಬ ತಜ್ಞರು ಈ ರೋಗವನ್ನು ಪರಿಶೀಲಿಸಿದ್ದರು. ಕೋಲ್ಮನ್ ಅದರ ಬೆನ್ನು ಹತ್ತಿ ಫೈಟೋಫ್ತೊರಾ ಜಾತಿಯ ಶಿಲೀಂಧ್ರದ ಬಾಳಿನ ಬಗೆಯನ್ನು ವಿವರವಾಗಿ ಅಭ್ಯಾಸ ಮಾಡಿದರು. 1910ರಲ್ಲಿ ಕೊಳೆರೋಗದ ಮೇಲೆ ಒಂದು ಪುಸ್ತಿಕೆಯನ್ನೇ ಪ್ರಕಟಿಸಿದರು. ಈ ಶಿಲೀಂಧ್ರದ ಬೀಜಾಣುಗಳು ನೀರಿನಲ್ಲಿ ಈಜಬಲ್ಲವು. ಗೊನೆಯ ಮೇಲೆ ತೇವ ನಿಂತರೆ ಕಾಯಿಯಿಂದ ಕಾಯಿಗೆ, ಗಾಳಿಮಳೆಯ ಹನಿಯೊಡನೆ ಮರದಿಂದ ಮರಕ್ಕೆ ದಾಟುತ್ತವೆ.

ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿಯ ಬೂಜು ರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ದ್ರಾವಣವನ್ನು 1885ರಲ್ಲಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು ಪ್ರಚಾರಕ್ಕೆ ತಂದಿದ್ದರು. ಅದೇ ಬೋರ್ಡೊ ದ್ರಾವಣ. ಕೋಲ್ಮನ್ ಅದನ್ನು ಅಡಿಕೆಗೆ ಅಳವಡಿಸಿದರು. ದ್ರಾಕ್ಷಿಬಳ್ಳಿ ಆಳೆತ್ತರ, ಅಡಿಕೆ ಮರವೋ ಮುಗಿಲೆತ್ತರ. ಮದ್ದು ಮರದ ತುದಿಗೆ ಮುಟ್ಟಬೇಕು, ಮುಟ್ಟಿದ ಮದ್ದು ಜಡಿಮಳೆಗೂ ನಿಲ್ಲಬೇಕು. ಇವೆರಡು ತೊಡಕುಗಳನ್ನು ದಾಟಿದ ಮೇಲೆಯೇ ಅದು ನಮ್ಮ ಮದ್ದಾಯಿತು.

ಇನ್ನು ಹೊತ್ತಿನ ಮಾತು. ತುತ್ತದ ಪದರ ಕಾಯಿಯ ಹೊರಮೈಗೆ ಕಾವಲು. ಒಳಹೊಕ್ಕ ರೋಗವನ್ನು ಅದು ವಾಸಿಮಾಡಲಾರದು. ಆದ್ದರಿಂದ ಬೀಜಾಣು ಬರುವ ಮೊದಲೇ ಕಾವಲು ಕೂತಿರಬೇಕು. ಮೊದಲ ಮದ್ದು ಮುಂಗಾರು ಹಿಡಿಯುವ ಮುನ್ನ, ಅಂದರೆ ಮೇ ಕೊನೆಗೆ ಅಥವಾ ಮೃಗಶಿರಾ ಮಳೆ ಬಲಿಯುವ ಮೊದಲು ಆಗಬೇಕು. ಮಳೆಯ ಹೊಡೆತಕ್ಕೆ ಪದರ ಸವೆಯುತ್ತದೆ, ಕಾಯಿಯೂ ದಪ್ಪವಾಗಿ ಮದ್ದು ತಾಗದ ಮೈ ಹೊರಬೀಳುತ್ತದೆ. ಅದಕ್ಕಾಗಿ 40ರಿಂದ 45 ದಿನಗಳೊಳಗೆ ಎರಡನೆಯ ಮದ್ದು. ಮಳೆ ಮುಂದುವರಿದರೆ ಮೂರನೆಯದು. ಉದುರಿದ ಕಾಯಿ ಕಂಡ ಮೇಲೆ ಪಂಪು ಹುಡುಕಲು ಹೊರಟವನು ಉಳಿದ ಗೊನೆಗಳನ್ನು ಕಾಪಾಡಬಹುದು. ರೋಗ ಹೊಕ್ಕ ಕಾಯಿ ಮಾತ್ರ ಕೈಬಿಟ್ಟಂತೆಯೇ.

ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಚೆನ್ನಾಗಿ ಬೆಂದ ಸುಡುಸುಣ್ಣ, ನೂರು ಲೀಟರ್ ನೀರು. ತುತ್ತವನ್ನು 50 ಲೀಟರಿನಲ್ಲಿ, ಸುಣ್ಣವನ್ನು ಇನ್ನೊಂದು 50 ಲೀಟರಿನಲ್ಲಿ ಬೇರೆ ಬೇರೆಯಾಗಿ ಕರಗಿಸಿ, ಸುಣ್ಣದ ತಿಳಿಗೆ ತುತ್ತದ ನೀರನ್ನು ಕಲಕುತ್ತಾ ಸುರಿಯಿರಿ. ಕಬ್ಬಿಣದ ಪಾತ್ರೆ ಬೇಡ. ಪ್ಲಾಸ್ಟಿಕ್ ಅಥವಾ ಮರದ ಪಾತ್ರೆ ಇರಲಿ. ಹೊಳೆಯುವ ಚೂರಿಯೊಂದನ್ನು ಸ್ವಲ್ಪ ಹೊತ್ತು ಅದ್ದಿ ನೋಡಿ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ನೀರು ಸೇರಿಸಿ. ಕಲಸಿದ ದ್ರಾವಣವನ್ನು ಅದೇ ದಿನ ಮುಗಿಸಿ. ಗೊನೆಯ ಎಲ್ಲ ಮಗ್ಗುಲಿಗೂ ತಾಗಿ, ಆರಿ ಅಂಟಿಕೊಳ್ಳುವಷ್ಟು ಹೊಳವು ಬೇಕು.

ಕೋಲ್ಮನ್ ಅವರ ಕೆಲಸ ಅಡಿಕೆಗೇ ನಿಲ್ಲಲಿಲ್ಲ. 1913ರಲ್ಲಿ ಅವರು ಮೈಸೂರಿನ ಕೃಷಿ ನಿರ್ದೇಶಕರಾದರು. ಹೆಬ್ಬಾಳದ ಕೃಷಿ ಶಾಲೆ, 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಪ್ರಯೋಗ ಕೇಂದ್ರ, ಮಂಡ್ಯದ ಸಕ್ಕರೆ ಕಾರ್ಖಾನೆ, ಇವೆಲ್ಲವುಗಳ ಹಿಂದೆ ಅವರ ಶ್ರಮವಿದೆ. ರಾಗಿ, ಕಬ್ಬಿನ ತಳಿಗಳ ಸುಧಾರಣೆಯೂ ಅವರ ಕಾಲದಲ್ಲಿ ನಡೆಯಿತು. ಬೆಳೆ ತಿನ್ನುವ ರೆಕ್ಕೆಯಿಲ್ಲದ ಮಿಡತೆಯೊಂದಕ್ಕೆ ಕೋಲ್ಮೇನಿಯ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ. 1934ರಲ್ಲಿ ನಿವೃತ್ತರಾಗಿ ಕೆನಡಾಕ್ಕೆ ಹಿಂತಿರುಗಿದ ಅವರು 1954ರಲ್ಲಿ ತೀರಿಕೊಂಡರು.

ಆ ದಿನಗಳಲ್ಲಿ ಬಾರ್ಕೂರು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೋಲ್ಮನ್ ಘಟ್ಟದ ಮೇಲಿನ ಮೈಸೂರಿನ ನೌಕರರು. ಆದರೆ ರೋಗಕ್ಕೆ ಗಡಿಯಿಲ್ಲ, ಒಳ್ಳೆಯ ಮದ್ದಿಗೂ ಗಡಿಯಿಲ್ಲ. ಇಂದು ದೋಟಿಯ ತುದಿಯಿಂದ ನೆಲದಲ್ಲೇ ನಿಂತು ಮದ್ದು ಬಿಡುವವರಿದ್ದಾರೆ, ಹೊಸ ಔಷಧಿಗಳೂ ಅಂಗಡಿಗೆ ಬಂದಿವೆ. ಸಾಧನ ಬದಲಾದರೂ ಹೊತ್ತಿನ ನಿಯಮ ಬದಲಾಗಿಲ್ಲ.

ಆದ್ದರಿಂದ ಬಾಂಧವರೇ, ಈ ಸಲ ಮೊದಲ ಮದ್ದು ಬಿಟ್ಟ ದಿನವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿ, ಅಲ್ಲಿಂದ 40 ದಿನ ಎಣಿಸಿ ಎರಡನೆಯ ಗುರುತು ಹಾಕಿಡಿ. ಆಟಿಯ ಜಡಿಮಳೆಯಲ್ಲಿ ಆಳು ಸಿಗುವುದು ಕಷ್ಟ, ಮೊದಲೇ ಹೇಳಿಟ್ಟಿರಿ. ಉದುರಿದ ಕೊಳೆಕಾಯಿಗಳನ್ನು ಹೆಕ್ಕಿ ತೋಟದಿಂದ ಹೊರಗೆ ಸಾಗಿಸಿ ನಾಶಮಾಡಿ. ಸಂದೇಹ ಬಂದರೆ ಬ್ರಹ್ಮಾವರದ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಹತ್ತಿರದಲ್ಲೇ ಇದೆ, ಹೋಗಿ ಕೇಳಿ.